ಸೆಟಲ್‌ಮೆಂಟ್ ಕಂಪನಿಗೆ ದುಡ್ಡು ಕಟ್ಟಿದೆ, ಸಾಲ ಹಾಗೇ ಇದೆ!

ಓದುಗರ ಪ್ರಶ್ನೆ: ಹಣಕಾಸು ಸಲಹೆ

‘ನಿಮ್ಮ ಸಾಲವನ್ನು ಅರ್ಧಕ್ಕೆ ಮುಗಿಸಿಕೊಡುತ್ತೇವೆ’ ಎಂಬ ಕಂಪನಿಗಳನ್ನು ನಂಬಿ ಬೇಸತ್ತವರ ಪತ್ರಗಳನ್ನೇ ಈ ಸಲ ಆರಿಸಿಕೊಂಡಿದ್ದೇವೆ. ಬರೆದವರ ಹೆಸರು, ಊರು ಕೊಟ್ಟಿಲ್ಲ.

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಬಾಕಿ 4 ಲಕ್ಷ ರೂಪಾಯಿ ಇತ್ತು. ಒಂದು ಸೆಟಲ್‌ಮೆಂಟ್ ಕಂಪನಿಯವರು ‘ಬ್ಯಾಂಕಿಗೆ ಕಟ್ಟುವುದನ್ನು ನಿಲ್ಲಿಸಿ, ಉಳಿದದ್ದು ನಮಗೆ ಬಿಡಿ’ ಎಂದರು. ಒಂದು ವರ್ಷವಾಯಿತು. ಅವರ ಶುಲ್ಕ ಪೂರ್ತಿ ಕಟ್ಟಿದ್ದೇನೆ. ವಸೂಲಿಯವರ ಫೋನ್ ನಿಂತಿಲ್ಲ, ಈಗ ವಕೀಲರ ನೋಟಿಸೂ ಬಂದಿದೆ. ಕಂಪನಿಯವರನ್ನು ಕೇಳಿದರೆ ‘ಇನ್ನೂ ಸ್ವಲ್ಪ ಕಾಯಿರಿ’ ಅನ್ನುತ್ತಾರೆ. ಕಾಯಲೇ?

ಉತ್ತರ: ಕಾಯಬೇಡಿ. ಕಾಯಿಸುವುದು ಬಿಟ್ಟರೆ ಅವರ ಕೈಯಲ್ಲಿ ಬೇರೆ ಉಪಾಯವಿಲ್ಲ. ಸರಿಯಾಗಿ ಕಂತು ಬರುತ್ತಿರುವ ಸಾಲದಲ್ಲಿ ಯಾವ ಬ್ಯಾಂಕೂ ಅಸಲು ಬಿಟ್ಟುಕೊಡುವುದಿಲ್ಲ. ಬಾಕಿ 90 ದಿನ ದಾಟಿದ ಮೇಲೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ, ಸಾಮಾನ್ಯವಾಗಿ ಆಮೇಲೆಯೇ ಬ್ಯಾಂಕು ರಾಜಿಯ ಮಾತಿಗೆ ಬರುತ್ತದೆ. ‘ಕಟ್ಟಬೇಡಿ’ ಎಂದು ಅವರು ಹೇಳುವುದರ ಗುಟ್ಟು ಇಷ್ಟೇ. ಆದರೆ ಆ ತಿಂಗಳುಗಳಲ್ಲಿ ಬೆಳೆಯುವ ಬಡ್ಡಿ ನಿಮ್ಮದು, ಕೆಡುವ ಸಿಬಿಲ್ ದಾಖಲೆ (ಸಾಲ ತೀರಿಸಿದ ಚರಿತ್ರೆ) ನಿಮ್ಮದು, ಬರುವ ನೋಟಿಸೂ ನಿಮ್ಮ ಹೆಸರಿಗೇ.

ಲೆಕ್ಕ ಹಾಕಿ ನೋಡೋಣ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. 4,00,000 ರೂಪಾಯಿ 12 ತಿಂಗಳಲ್ಲಿ ಚಕ್ರಬಡ್ಡಿ ಸೇರಿ ಸುಮಾರು 6,04,400 ಆಗುತ್ತದೆ. ತಡವಾದದ್ದಕ್ಕೆ ಹಾಕುವ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಇದರಲ್ಲಿ ಸೇರಿಲ್ಲ. ಕಂಪನಿ ಹೇಳಿದ ‘ಅರ್ಧ’ ಈ ಬೆಳೆದ ಮೊತ್ತದ ಅರ್ಧ, ಅಂದರೆ 3,02,200. ಶುಲ್ಕ ಮೂಲ ಸಾಲದ ಶೇ. 15 ಆದರೆ 60,000, ಅದಕ್ಕೆ ಶೇ. 18 ಜಿಎಸ್‌ಟಿ 10,800. ಒಟ್ಟು 3,73,000. ಒಂದು ವರ್ಷದ ಕಿರಿಕಿರಿಯ ಕೊನೆಗೆ ಮೂಲ ಬಾಕಿಗಿಂತ ಉಳಿದದ್ದು 27,000 ರೂಪಾಯಿ, ಅದೂ ಬ್ಯಾಂಕು ಅರ್ಧಕ್ಕೆ ಒಪ್ಪಿದರೆ ಮಾತ್ರ. ನಿಮ್ಮ ಒಪ್ಪಂದದಲ್ಲಿ ಶುಲ್ಕ ಯಾವುದರ ಮೇಲೆ ಎಂದು ಬರೆದಿದೆ, ಹುಡುಕಿ ನೋಡಿ. ಅವರ ಯೋಜನೆಗೆ ಸೇರಿಸಿದ ಇಡೀ ಸಾಲದ ಮೇಲೆ ಎಂದಿದ್ದರೆ, ಬ್ಯಾಂಕು ಒಂದು ಪೈಸೆ ಬಿಡದಿದ್ದರೂ ಅವರ ಪಾಲು ಅವರಿಗೆ ಸಂದಿರುತ್ತದೆ.

ಈಗ ನೋಟಿಸ್. ಅದು ಯಾವ ನೋಟಿಸ್ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬರೀ ‘ಬಾಕಿ ಕಟ್ಟಿ’ ಎಂಬ ವಕೀಲರ ಪತ್ರವಾದರೆ ಉತ್ತರ ಕೊಟ್ಟು ಮಾತುಕತೆಗೆ ಕೂರಬಹುದು. ಚೆಕ್ ಬೌನ್ಸ್ ಆಗಿ ಬಂದ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ನೋಟಿಸಾದರೆ, ಕೈಸೇರಿದ ದಿನದಿಂದ 15 ದಿನ ಮಾತ್ರ ನಿಮ್ಮದು. ಅಷ್ಟರೊಳಗೆ ಚೆಕ್ಕಿನ ಹಣ ಕಟ್ಟದಿದ್ದರೆ ಕ್ರಿಮಿನಲ್ ದೂರು ದಾಖಲಾಗಬಹುದು. ಶಿಕ್ಷೆ ಎರಡು ವರ್ಷದವರೆಗಿನ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಖಾತೆಯಲ್ಲಿ ಹಣವಿಲ್ಲದೆ ಕಂತಿನ ಆಟೊ ಡೆಬಿಟ್ ವಾಪಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಇದೇ ಕುತ್ತು. ‘ಖಾತೆ ಖಾಲಿ ಇಡಿ, ಏನೂ ಆಗಲ್ಲ’ ಎನ್ನುವವರು ಇದನ್ನು ಹೇಳುವುದೇ ಇಲ್ಲ. ನಮಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಜಾಗದಲ್ಲಿ. ಇಂಥ ನೋಟಿಸಿಗೆ ಸೆಟಲ್‌ಮೆಂಟ್ ಕಂಪನಿಯ ಪತ್ರ ಉತ್ತರವಾಗುವುದಿಲ್ಲ, ಸ್ಥಳೀಯ ವಕೀಲರೊಬ್ಬರಿಗೆ ಅಂದೇ ತೋರಿಸಿ.

ಜೊತೆಗೆ ಎರಡು ಇಮೇಲ್ ಬರೆಯಿರಿ. ಕಂಪನಿಗೆ ‘ನನ್ನ ಪರವಾಗಿ ಮಾತಾಡಲು ಕೊಟ್ಟ ಅಧಿಕಾರ ಇಂದಿನಿಂದ ರದ್ದು’ ಎಂದು, ಬ್ಯಾಂಕಿಗೆ ‘ಇನ್ನು ಮುಂದೆ ನನ್ನೊಡನೆಯೇ ವ್ಯವಹರಿಸಿ’ ಎಂದು. ಕಂಪನಿಗೆ ಆಟೊ ಡೆಬಿಟ್ ಅನುಮತಿ ಕೊಟ್ಟಿದ್ದರೆ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ರದ್ದು ಮಾಡಿಸಿ. ಫೋನ್ ವಿಷಯ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ಹೊತ್ತಲ್ಲದ ಹೊತ್ತಿನ ಕರೆ, ಬೈಗುಳ, ಬಂಧುಗಳಿಗೆ ಫೋನ್ ಇವನ್ನೆಲ್ಲ ದಿನಾಂಕ, ಗಂಟೆ, ನಂಬರ್ ಸಮೇತ ಬರೆದಿಟ್ಟು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಕಳಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಸಹಾಯವಾಣಿ 14448.

ಪ್ರಶ್ನೆ: ನಾನು ಕಟ್ಟಿದ ಶುಲ್ಕ ವಾಪಸ್ ಬರುತ್ತದೆಯೇ? ಒಪ್ಪಂದದಲ್ಲಿ ‘ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ’ ಎಂದಿದೆ. ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದೇ?

ಉತ್ತರ: ಕಂಪನಿಯ ಮೇಲಿನ ದೂರನ್ನು ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಅದು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ತನ್ನ ಹಿಡಿತದ ಸಂಸ್ಥೆಗಳಿಗೆ ಮಾತ್ರ. ಸೆಟಲ್‌ಮೆಂಟ್ ಕಂಪನಿಯವರು ತೋರಿಸುವ ನೋಂದಣಿ ಪತ್ರ, ಜಿಎಸ್‌ಟಿ ನಂಬರ್ ಯಾವ ವ್ಯಾಪಾರಕ್ಕೂ ಸಿಗುವಂಥವು, ಬ್ಯಾಂಕಿನ ಜೊತೆ ಮಾತಾಡುವ ಪರವಾನಗಿಯಲ್ಲ. ಅಮೆರಿಕದಲ್ಲಿ ಫೋನ್ ಮೂಲಕ ಈ ಸೇವೆ ಮಾರುವವರು ಒಂದಾದರೂ ಸಾಲ ಇತ್ಯರ್ಥವಾಗುವ ಮೊದಲು ಶುಲ್ಕ ಮುಟ್ಟಕೂಡದೆಂದು 2010ರಲ್ಲೇ ನಿಯಮ ಬಂತು. ನಮ್ಮಲ್ಲೂ ಅಂಥದ್ದು ಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ನಿಮ್ಮ ದಾರಿ ಗ್ರಾಹಕ ಆಯೋಗ. ಒಪ್ಪಂದದ ಆ ಸಾಲು ನೋಡಿ ಹೆದರಬೇಡಿ. ಹೇಳಿದ ಸೇವೆ ಕೊಡದಿದ್ದರೆ ಅದು ಸೇವಾ ನ್ಯೂನತೆ, ಸುಳ್ಳು ಭರವಸೆ ಕೊಟ್ಟು ಸೇರಿಸಿಕೊಂಡಿದ್ದರೆ ಅನುಚಿತ ವ್ಯಾಪಾರ. ಹಾಗಾಗಿ ಆಯೋಗದ ಮುಂದೆ ಒಪ್ಪಂದದಷ್ಟೇ ತೂಕ ಅದಕ್ಕಿಂತ ಮೊದಲಿನ ಮಾತಿಗೂ ಇದೆ: ಜಾಹೀರಾತಿನ ಸ್ಕ್ರೀನ್‌ಶಾಟ್, ‘ಕೇಸ್ ಬೀಳಲ್ಲ’ ಎಂದ ವಾಟ್ಸ್‌ಆ್ಯಪ್ ಸಂದೇಶ, ಕರೆಯ ರೆಕಾರ್ಡಿಂಗ್, ಹಣ ಹೋದ ರಸೀದಿ. ಇದರ ಜೊತೆ ಕಂಪನಿಯನ್ನು ಬರಹದಲ್ಲಿ ಒಂದು ಪ್ರಶ್ನೆ ಕೇಳಿ: ‘ನನ್ನ ಪರವಾಗಿ ಬ್ಯಾಂಕಿಗೆ ಯಾವ ಯಾವ ದಿನ ಏನು ಬರೆದಿರಿ? ಪ್ರತಿ ಕಳಿಸಿ.’ ಉತ್ತರ ಬಾರದಿದ್ದರೆ ಅದೇ ಒಳ್ಳೆಯ ಸಾಕ್ಷಿ. ‘ನಮ್ಮ ಲೀಗಲ್ ಟೀಮ್’ ಎಂದಿದ್ದರೆ ವಕೀಲರ ಹೆಸರು, ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ.

15 ದಿನ ಗಡುವು ಕೊಟ್ಟು ನೋಟಿಸ್ ಕಳಿಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಕೆಲವು ಕಂಪನಿಗಳು ಇಲ್ಲೇ ದಾರಿಗೆ ಬರುತ್ತವೆ. ಬಾರದಿದ್ದರೆ ಇ-ಜಾಗೃತಿ ತಾಣದ ಮೂಲಕ ಜಿಲ್ಲಾ ಆಯೋಗಕ್ಕೆ. ನೀವು ಕೊಟ್ಟ ಶುಲ್ಕ 5 ಲಕ್ಷದೊಳಗಿದ್ದರೆ ಆಯೋಗದ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ಪ್ರಶ್ನೆ: ಬ್ಯಾಂಕಿನ ಏಜೆಂಟ್ ಎಂದವರು ‘ಶೇ. 40ಕ್ಕೆ ಮುಗಿಸುತ್ತೇವೆ, ಇವತ್ತೇ ಕೊನೆ, ಈ ಯುಪಿಐ ನಂಬರಿಗೆ ಹಾಕಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪತ್ರ ಕಳಿಸಿದ್ದಾರೆ. ಹಾಕಲೇ?

ಉತ್ತರ: ಹಾಕಬೇಡಿ. ಹಣ ಹೋಗಬೇಕಾದದ್ದು ನಿಮ್ಮ ಸಾಲದ ಖಾತೆಗೆ ಮಾತ್ರ. ವ್ಯಕ್ತಿಯ ಯುಪಿಐಗೂ ಅಲ್ಲ, ಕೈಗೂ ಅಲ್ಲ. ಆ ಪತ್ರವನ್ನು ಬ್ಯಾಂಕಿನ ಅಧಿಕೃತ ಇಮೇಲಿಗೆ ಕಳಿಸಿ ‘ಇದು ನಿಮ್ಮದೇ?’ ಎಂದು ಕೇಳಿ, ಅಥವಾ ಶಾಖೆಯಲ್ಲಿ ತೋರಿಸಿ.

ಪತ್ರ ನಿಜವೇ ಆಗಿದ್ದರೂ ಸಾಲುಸಾಲಾಗಿ ಓದಿ. ಸಾಲದ ಖಾತೆ ಸಂಖ್ಯೆ ಪೂರ್ತಿ ಇರಬೇಕು, ಎರಡು ಸಾಲವಿದ್ದರೆ ಎರಡೂ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಕೊನೆಯ ದಿನಾಂಕ ಇರಬೇಕು. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತು ಇರಲೇಬೇಕು. ಅದಿಲ್ಲದಿದ್ದರೆ ನೀವು ಕಟ್ಟಿದ್ದು ಬಾಕಿಯ ಒಂದು ಭಾಗವೆಂದು ಜಮಾ ಆಗಿ ಉಳಿದದ್ದಕ್ಕೆ ಮತ್ತೆ ಫೋನ್ ಬರುತ್ತದೆ. ಕೇಸ್ ಇದ್ದರೆ ಹಿಂತೆಗೆಯುವ ಮಾತು, ಕೊಟ್ಟ ಚೆಕ್ಕುಗಳ ವಾಪಸಾತಿ, ನೋ ಡ್ಯೂ ಪತ್ರ ಎಷ್ಟು ದಿನದಲ್ಲಿ ಎಂಬುದೂ ಬರಹದಲ್ಲಿ ಬರಲಿ. ಕಂತುಗಳಲ್ಲಿ ಕಟ್ಟುವ ಸೆಟಲ್‌ಮೆಂಟ್ ಆದರೆ ಒಂದು ಕಂತು ಒಂದು ದಿನ ತಪ್ಪಿದರೂ ಒಪ್ಪಂದವೇ ಬೀಳುತ್ತದೆಂಬ ಷರತ್ತು ಸಾಮಾನ್ಯ. ಕೈಯಲ್ಲಿ ಹಣ ಇಲ್ಲದೆ ಸಹಿ ಹಾಕಬೇಡಿ.

ಈಗಾಗಲೇ ಯುಪಿಐಗೆ ಹಾಕಿ ಮೋಸಹೋದವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ‘ಸಾಲ ಮನ್ನಾ ಪ್ರಮಾಣಪತ್ರ’ ಕೊಡಿಸುತ್ತೇವೆ ಎಂದು ಶುಲ್ಕ ಕೇಳುತ್ತಿದ್ದಾರೆ. ನಿಜವೇ?

ಉತ್ತರ: ಸುಳ್ಳು. ಹೀಗೆ ಶುಲ್ಕ ಪಡೆದು ಪ್ರಮಾಣಪತ್ರ ಕೊಡುವವರಿಗೆ ಯಾವ ಅಧಿಕಾರವೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 11ರಂದು ಎಚ್ಚರಿಸಿದೆ. ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಕಂಪನಿಯ ಮೂಲಕ ಸೆಟಲ್ ಮಾಡಿಕೊಂಡೆ. ಸಿಬಿಲ್ ವರದಿಯಲ್ಲಿ ಇನ್ನೂ ‘ರೈಟ್ ಆಫ್’ (ವಸೂಲಾಗದೆಂದು ಬ್ಯಾಂಕು ಲೆಕ್ಕದಿಂದ ತೆಗೆದದ್ದು) ಎಂದಿದೆ, ಬಾಕಿಯೂ ತೋರಿಸುತ್ತಿದೆ. ಇನ್ನಷ್ಟು ಹಣ ಕೊಟ್ಟರೆ ಸ್ಕೋರ್ ಸರಿಮಾಡುತ್ತೇವೆ ಎನ್ನುತ್ತಾರೆ.

ಉತ್ತರ: ಇಲ್ಲಿ ಎರಡು ಸಂಗತಿ ಕಲೆತುಹೋಗಿವೆ. ಕಡಿಮೆ ಮೊತ್ತಕ್ಕೆ ಮುಗಿಸಿದ ಸಾಲ ‘ಸೆಟಲ್ಡ್’ ಎಂದು ದಾಖಲಾಗುವುದು ಸರಿಯಾದ ದಾಖಲೆ, ಅದನ್ನು ದುಡ್ಡು ಕೊಟ್ಟು ಅಳಿಸಲಾಗದು. ಕ್ರೆಡಿಟ್ ಮಾಹಿತಿ ಸಂಸ್ಥೆಗಳು ದಾಖಲೆಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಆದರೆ ಸೆಟಲ್ ಆದ ಮೇಲೂ ‘ಈಗಿನ ಬಾಕಿ’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅದು ತಪ್ಪು. ಇದನ್ನು ನೀವೇ ಸರಿಪಡಿಸಿಕೊಳ್ಳಬಹುದು, ಪುಕ್ಕಟೆ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿ ನೋಡಿ, ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಹಾಗೇ ಉಳಿದಿರಬಹುದು. ತಪ್ಪಿರುವ ಕಡೆಯೆಲ್ಲ ಸೆಟಲ್‌ಮೆಂಟ್ ಪತ್ರ, ಪಾವತಿಯ ರಸೀದಿ ಲಗತ್ತಿಸಿ ತಕರಾರು ಸಲ್ಲಿಸಿ, ಬ್ಯಾಂಕಿಗೂ ಬರೆಯಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು, 2024ರ ಏಪ್ರಿಲ್‌ನಿಂದ ಈ ನಿಯಮವಿದೆ. ತಕರಾರಿನ ಸಂಖ್ಯೆ ಜೋಪಾನ. ‘ಸೆಟಲ್ಡ್’ ಹೋಗಿ ‘ಕ್ಲೋಸ್ಡ್’ ಆಗಬೇಕೆಂದರೆ ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಬೇಕಾಗುತ್ತದೆ. ದಾಖಲೆ ಬದಲಿಸುತ್ತೇವೆಂದು ಬ್ಯಾಂಕು ಮೊದಲು ಬರೆದುಕೊಡಲಿ, ಹಣ ಆಮೇಲೆ.

ಪ್ರಶ್ನೆ: ಕಂಪನಿಯ ಸಹವಾಸವೇ ಬೇಡ, ನಾನೇ ಬ್ಯಾಂಕಿಗೆ ಹೋದರೆ ಕೇಳುತ್ತಾರೆಯೇ?

ಉತ್ತರ: ಕೇಳುತ್ತಾರೆ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಚೌಕಟ್ಟಿನ ಪ್ರಕಾರ ಬ್ಯಾಂಕುಗಳಿಗೆ, ಫೈನಾನ್ಸ್ ಕಂಪನಿಗಳಿಗೆ ರಾಜಿ ಇತ್ಯರ್ಥಕ್ಕೆ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕು. ನಡುವೆ ಕಂಪನಿ ಇದ್ದರೂ ಇಲ್ಲದಿದ್ದರೂ ನಿಮ್ಮ ಅರ್ಜಿ ತೂಗುವುದು ಅದೇ ನೀತಿಯಲ್ಲಿ.

ಇನ್ನೂ 90 ದಿನ ದಾಟಿಲ್ಲವಾದರೆ ಸೆಟಲ್‌ಮೆಂಟ್ ಎನ್ನಲೇಬೇಡಿ. ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿ ಎಂದೋ, ಅವಧಿ ಹೆಚ್ಚಿಸಿ ಎಂದೋ ಕೇಳಿ. ದಾಟಿದ್ದರೆ ಒಂದು ಪುಟದ ಅರ್ಜಿ ಸಾಕು: ಖಾತೆ ಸಂಖ್ಯೆ, ಕಷ್ಟಕ್ಕೆ ಕಾರಣ ಮತ್ತು ಅದರ ದಾಖಲೆ (ಕೆಲಸ ಹೋದ ಪತ್ರ, ಆಸ್ಪತ್ರೆ ಬಿಲ್ಲು), ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಒಟ್ಟಿಗೆ ಕಟ್ಟಬಲ್ಲ ಮೊತ್ತ, ಯಾವ ದಿನಾಂಕದೊಳಗೆ. ಕೈಯಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆಯಿಂದಲೇ ಮಾತು ಶುರುಮಾಡಿ, ಏರಲು ಜಾಗವಿರಲಿ. ಅದೇ ಬ್ಯಾಂಕಿನಲ್ಲಿ ಸಂಬಳದ ಖಾತೆ ಇದ್ದರೆ ಅದರಿಂದ ಬಾಕಿಗೆ ಹಣ ಹಿಡಿಯುವ ಅವಕಾಶ ಬ್ಯಾಂಕಿಗೆ ಇರುತ್ತದೆ ಎಂಬುದು ನೆನಪಿರಲಿ. ಸೆಟಲ್ ಆದ ಮೇಲೆ, ಕೃಷಿ ಸಾಲ ಬಿಟ್ಟು, ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವುದಿಲ್ಲ.

ಮಾತುಕತೆ ಹರಿಯದಿದ್ದರೆ ಲೋಕ ಅದಾಲತ್ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಯಲ್ಲಿ ಅರ್ಜಿ ಕೊಡಿ, ಕೇಸ್ ದಾಖಲಾಗಿರಬೇಕೆಂದಿಲ್ಲ, ಶುಲ್ಕವೂ ಇಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಆದ್ದರಿಂದ ಸಹಿಗೆ ಮೊದಲು ಮೊತ್ತವನ್ನೂ ದಿನಾಂಕವನ್ನೂ ಇನ್ನೊಮ್ಮೆ ಓದಿ. ಹೊರಬರುವಾಗ ಆದೇಶದ ದೃಢೀಕೃತ ಪ್ರತಿ ಕೇಳಿ ಪಡೆಯಿರಿ, ಮುಂದೆ ಸಿಬಿಲ್ ತಕರಾರಿಗೂ ಅದೇ ಬೇಕಾಗುತ್ತದೆ.