ಸಿಗಡಿ, ರೊಟ್ಟಿ ಹಂಚು, ಬಿಸಿ ಅನ್ನ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ. ನಾನು ಬ್ಯಾಂಕಿನಾಗ ಕೆಲಸ ಮಾಡ್ತೀನಿ. ಸಂಜಿಗೆ ಮನಿ ಮುಟ್ಟೂದ್ರಾಗ ಏಳಾಗ್ತದ. ಮೊಬೈಲಿನಾಗ ನೋಡಿದ ಸಿಗಡಿ ರೈಸ್ ಬೌಲ್ ಬೇಕಂತ ಮಕ್ಕಳು ಹಟ ಹಿಡದಾವು. ಮಾಡಿ ನೋಡೀನಿ. ಸಿಗಡಿ ನೀರು ಬಿಟ್ಟು ಕುದ್ದಂಗ ಆತು, ಆಮ್ಯಾಲೆ ರಬ್ಬರಿನಂಗ ಆತು. ಗ್ರಿಲ್ ಅನ್ನೂದು ನಮ್ಮ ಮನ್ಯಾಗಿಲ್ಲ. ಅರ್ಧ ಪೌಣ ತಾಸಿನಾಗ ಮುಗಿಯೂ ಹಂಗ ತಿಳಿಸಿ ಹೇಳ್ರಿ.
— ಓದುಗರು, ಜಲನಗರ, ವಿಜಯಪುರ

ಉತ್ತರ: ಗ್ರಿಲ್ ಇಲ್ಲವೆಂದು ಬೇಸರ ಬೇಡ. ನಿಮ್ಮ ಮನೆಯಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಇದ್ದೇ ಇರುತ್ತದೆ. ಸಿಗಡಿಯನ್ನು ಸುಡುವುದಕ್ಕೆ ಅಂಗಡಿಯ ತೆಳು ನಾನ್‌ಸ್ಟಿಕ್ ತವೆಗಿಂತ ಅದು ಎಷ್ಟೋ ಮೇಲು. ದಪ್ಪ ಕಬ್ಬಿಣ ಒಮ್ಮೆ ಕಾದರೆ ತಣ್ಣನೆಯ ಸಿಗಡಿ ಬಿದ್ದರೂ ಬಿಸಿ ಇಳಿಯಗೊಡುವುದಿಲ್ಲ. ರೊಟ್ಟಿ ಹಂಚಿಗೆ ಮೀನು ಮುಟ್ಟಿಸಬಾರದು ಎನ್ನುವ ಪದ್ಧತಿ ಮನೆಯಲ್ಲಿದ್ದರೆ ಸಂತೆಯಿಂದ ಇದಕ್ಕೆಂದೇ ಒಂದು ಬೇರೆ ಹಂಚು ತಂದಿಡಿ. ಹಿರಿಯರ ಮನಸ್ಸು ನೋಯಿಸಿ ಉಣ್ಣುವ ಊಟ ರುಚಿಸುವುದಿಲ್ಲ.

ನಿಮ್ಮ ತೊಂದರೆಯ ಮೂಲ ನೀರು. ಹಂಚಿನ ಮೇಲೆ ನೀರು ಇರುವ ತನಕ ಸಿಗಡಿಯ ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಪಗೆ ಹುರಿದ ಬಣ್ಣ, ಸುಟ್ಟ ಘಮ ಬರಬೇಕಾದರೆ 140 ಡಿಗ್ರಿಗೂ ಮೇಲೆ ಹೋಗಬೇಕು. ಆದರೆ ಸಿಗಡಿಯ ಒಳಗು ಸುಮಾರು 63 ಡಿಗ್ರಿ ತಲುಪಿದಾಗಲೇ ಬೆಂದಿರುತ್ತದೆ. ನೀರು ಇಂಗಲಿ, ಬಣ್ಣ ಬರಲಿ ಎಂದು ನೀವು ಕಾಯುತ್ತೀರಿ. ಅಷ್ಟರಲ್ಲಿ ಒಳಗಿನ ಮಾಂಸ ಬಿಗಿದು, ರಸವನ್ನೆಲ್ಲ ಹಿಂಡಿ ಹೊರಗೆ ಹಾಕಿರುತ್ತದೆ. ರಬ್ಬರಿನಂತಾಗುವುದು ಹೀಗೆ. ಆದ್ದರಿಂದ ಮಸಾಲೆ ಯಾವುದೇ ಇರಲಿ, ಮೂರು ಮಾತು ಬಿಡಬೇಡಿ: ಸಿಗಡಿ ಒಣಗಿರಬೇಕು, ಹಂಚು ಚೆನ್ನಾಗಿ ಕಾದಿರಬೇಕು, ಒಂದು ಸಲಕ್ಕೆ ಸ್ವಲ್ಪವೇ ಹಾಕಬೇಕು.

ನಾಲ್ಕು ಜನಕ್ಕೆ ಸುಲಿದ ಸಿಗಡಿ 400 ರಿಂದ 500 ಗ್ರಾಂ ಸಾಕು. ತಲೆ, ಸಿಪ್ಪೆ ಇರುವುದನ್ನು ತಂದರೆ ಹೆಚ್ಚುಕಡಿಮೆ ಒಂದು ಕಿಲೋ ಬೇಕು, ಅರ್ಧದಷ್ಟು ಕಸಕ್ಕೇ ಹೋಗುತ್ತದೆ. ಬೆನ್ನ ಮೇಲಿನ ಕಪ್ಪು ಎಳೆ ಅದರ ಕರುಳು. ಚೂರಿಯ ತುದಿಯಿಂದ ಸೀಳಿ ಎಳೆದು ತೆಗೆಯಿರಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ. ತೊಳೆದ ಮೇಲೆ ಹಳೆಯ ಧೋತರದ ಚೂರಿನ ಮೇಲೆ ಹರಡಿ, ಮೇಲೊಂದು ಬಟ್ಟೆ ಹಾಕಿ ಒತ್ತಿರಿ. ಮುಟ್ಟಿದರೆ ಕೈಗೆ ನೀರು ಹತ್ತಬಾರದು. ಅವಸರದಲ್ಲಿ ಎಲ್ಲರೂ ಬಿಡುವ ಕೆಲಸ ಇದೇ. ಇದೊಂದನ್ನು ಮಾಡಿದರೆ ಅರ್ಧ ಗೆದ್ದಿರಿ.

ಆಮೇಲೆ ಮುಕ್ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಸವರಿ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಡಿ. ಉಪ್ಪು ಮಾಂಸದೊಳಗಿನ ರಸವನ್ನು ಹಿಡಿದಿಡುತ್ತದೆ. ಸೋಡಾದಿಂದ ಸಿಗಡಿ ಬಿಗಿದುಕೊಳ್ಳದೆ ತುಂಬಿಕೊಂಡು ನಿಲ್ಲುತ್ತದೆ, ಬಣ್ಣವೂ ಬೇಗ ಬರುತ್ತದೆ. ಹೆಚ್ಚು ಹಾಕಿದರೆ ಸಾಬೂನಿನ ರುಚಿ, ಹಾಗಾಗಿ ಕಾಲು ಚಮಚ ದಾಟಬೇಡಿ. ಹಂಚಿಗೆ ಹಾಕುವ ಮುಂಚೆ ಕೆಂಪು ಖಾರ ಒಂದೂವರೆ ಚಮಚ, ಜಜ್ಜಿದ ಬಳ್ಳೊಳ್ಳಿ ಆರೇಳು ಎಸಳು, ಚೂರು ಅರಿಶಿನ, ಅರ್ಧ ಚಮಚ ಕೊತ್ತಂಬರಿ-ಜೀರಿಗೆ ಪುಡಿ, ಉಗುರಿನಷ್ಟು ಬೆಲ್ಲ, ಎರಡು ಚಮಚ ಶೇಂಗಾ ಎಣ್ಣೆ ಕಲಸಿ ಹಚ್ಚಿರಿ. ಬ್ಯಾಡಗಿ ಮೆಣಸಿನಕಾಯಿಯ ಪುಡಿಯಾದರೆ ಬಣ್ಣ ಚೆನ್ನ, ಮಕ್ಕಳೂ ತಿನ್ನಬಹುದು.

ಲಿಂಬೆಹಣ್ಣನ್ನು ಮಾತ್ರ ಮೊದಲೇ ಹಿಂಡಬೇಡಿ. ಹುಳಿ ಬಿದ್ದು ಬಹಳ ಹೊತ್ತಾದರೆ ಒಲೆ ಕಾಣುವ ಮುಂಚೆಯೇ ಸಿಗಡಿಯ ಮೈ ಬೆಳ್ಳಗಾಗಿ ಗಟ್ಟಿಯಾಗುತ್ತದೆ, ಬಿಟ್ಟ ರಸ ಮತ್ತೆ ಹಂಚಿನ ಮೇಲೆ ನೀರಾಗುತ್ತದೆ. ಇಂಡಿ ಲಿಂಬೆ ನಿಮ್ಮ ಜಿಲ್ಲೆಯದೇ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದದ್ದು. ಅದರ ಘಮ ಒಲೆಯಿಂದ ಇಳಿಸಿದ ಮೇಲೆ ಹಿಂಡಿದಾಗಲೇ ಪೂರ್ತಿ ಸಿಗುತ್ತದೆ.

ಈಗ ಹಂಚು. ಖಾಲಿ ಹಂಚನ್ನು ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ನೀರು ಚಿಮುಕಿಸಿದರೆ ಹನಿ ಗುಂಡಗಾಗಿ ಓಡಾಡಬೇಕು. ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ಬೆರಳಷ್ಟು ಸಂದು ಬಿಟ್ಟು ಸಿಗಡಿ ಜೋಡಿಸಿ. ಅರ್ಧ ಕಿಲೋ ಇದ್ದರೆ ಎರಡು ಮೂರು ಸರದಿ ಆಗಲಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಹಂಚು ತಣ್ಣಗಾಗಿ ಮತ್ತೆ ಅದೇ ನೀರಿನ ಕಥೆ. ಹಾಕಿದ ಮೇಲೆ ಕೈಯಾಡಿಸಬೇಡಿ. ಮಧ್ಯಮ ಗಾತ್ರದ್ದಕ್ಕೆ ಒಂದು ಮಗ್ಗುಲಿಗೆ ಒಂದೂವರೆ ಎರಡು ನಿಮಿಷ, ಮಗುಚಿದ ಮೇಲೆ ಒಂದು ನಿಮಿಷ. ಹಸಿ ಸಿಗಡಿಯ ಬೂದು ಬಣ್ಣದೊಳಗೆ ಕಿತ್ತಳೆ ವರ್ಣದ್ರವ್ಯ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಸಿಗೆ ಆ ಹಿಡಿತ ಸಡಿಲಿ ಕಿತ್ತಳೆ ಹೊರಬೀಳುತ್ತದೆ. ಪಾರದರ್ಶಕ ಮೈ ಬೆಳ್ಳಗಾಗಿ, ಅರ್ಧಚಂದ್ರನಂತೆ ಬಾಗಿದ ಕೂಡಲೇ ತೆಗೆಯಿರಿ. ತಲೆ ಬಾಲ ಕೂಡಿ ಉಂಗುರವಾಯಿತೆಂದರೆ ಹೊತ್ತು ಮೀರಿದಂತೆ. ಗಡಿಯಾರಕ್ಕಿಂತ ಈ ಬಾಗನ್ನು ನಂಬಿರಿ. ಸಿಗಡಿ ಸಣ್ಣದು ದೊಡ್ಡದು ಇರುತ್ತದೆ, ಒಲೆಗಳೂ ಒಂದೇ ತರ ಇರುವುದಿಲ್ಲ. ತೆಗೆದದ್ದನ್ನು ಹಂಚಿನ ಮೇಲೇ ಬಿಡದೆ ತಾಟಿಗೆ ಹಾಕಿ, ಲಿಂಬೆ ಹಿಂಡಿ.

ಅನ್ನಕ್ಕೆ ನನ್ನ ಆಯ್ಕೆ ಖಾನಾಪುರ ಕಡೆ ಬೆಳೆಯುವ ಇಂದ್ರಾಯಣಿ ಅಕ್ಕಿ. ಅದರ ಅನ್ನ ಘಮಘಮಿಸುತ್ತದೆ, ತುಸು ಅಂಟಂಟಾಗಿ ಮಸಾಲೆ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಬಟ್ಟಲ ಊಟಕ್ಕೆ ಉದುರು ಅನ್ನ ಅಷ್ಟು ಹೊಂದುವುದಿಲ್ಲ. ಸೋನಾ ಮಸೂರಿಯೇ ಇದ್ದರೆ ಎಂದಿಗಿಂತ ಸ್ವಲ್ಪ ನೀರು ಹೆಚ್ಚು ಹಾಕಿ. ಆದರೆ ವಿಜಯಪುರದಂಥ ಜೋಳದ ಸೀಮೆಯವರು ನೀವು, ಒಂದು ದಿನ ಅನ್ನ ಬಿಟ್ಟು ಜೋಳದ ನುಚ್ಚಿನ ಮೇಲೆ ಈ ಸಿಗಡಿ ಹಾಕಿ ನೋಡಿ. ನುಚ್ಚಿನ ಮಂದ ಸಿಹಿ, ಬಳ್ಳೊಳ್ಳಿ ಖಾರದ ಸಿಗಡಿ, ಮೇಲೊಂದಿಷ್ಟು ಹಸಿ ಉಳ್ಳಾಗಡ್ಡಿ. ನನಗೆ ಇದು ಅನ್ನದ ಬಟ್ಟಲಿಗಿಂತ ಹೆಚ್ಚು ಇಷ್ಟ, ಮನಃಪೂರ್ವಕ ಹೇಳುತ್ತಿದ್ದೇನೆ.

ಮೇಲೋಗರವನ್ನು ಪೇಟೆಯ ಬಾಟಲಿಗಳಲ್ಲಿ ಹುಡುಕಬೇಡಿ. ಎರಡು ಚಮಚ ಶೇಂಗಾ ಚಟ್ನಿಪುಡಿಗೆ ನಾಲ್ಕು ಚಮಚ ಗಟ್ಟಿ ಮೊಸರು, ಒಂದಿಷ್ಟು ಲಿಂಬೆ ರಸ ಬೆರೆಸಿದರೆ ಮೇಲೆ ಸುರಿಯುವ ಸಾರವೇ ಸಿದ್ಧ. ಮೀನಿನ ಜೊತೆ ಮೊಸರು ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಬಂಗಾಳದವರು ಮೊಸರಿನಲ್ಲೇ ಮೀನು ಬೇಯಿಸುತ್ತಾರೆ, ಆದರೂ ನಿಮ್ಮ ಮನೆಯಲ್ಲಿ ಒಲ್ಲೆವೆಂದರೆ ವಾದ ಬೇಡ. ಚಟ್ನಿಪುಡಿಗೆ ಬಿಸಿ ಎಣ್ಣೆ, ಲಿಂಬೆ ರಸ ಹಾಕಿ ಕಲಸಿದರೂ ಸೊಗಸೇ. ಬದಿಗೆ ಸವತಿಕಾಯಿ, ತುರಿದ ಗಜ್ಜರಿ, ಎಳೆ ಮೆಂತ್ಯ ಸೊಪ್ಪು. ಮೆಂತ್ಯದ ಆ ಸಣ್ಣ ಕಹಿ ಸಿಗಡಿಯ ಸಿಹಿಯನ್ನು ಎತ್ತಿ ತೋರಿಸುತ್ತದೆ.

ಕೆಲಸದ ಸರದಿ ಹೀಗಿರಲಿ. ಬೆಳಿಗ್ಗೆ ಹೊರಡುವಾಗ ಸಿಗಡಿಯನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ. ಮರೆತಿದ್ದರೆ ಸಂಜೆ ಚೀಲದ ಬಾಯಿ ಬಿಗಿದು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಯಲ್ಲಿ ಬಿಡುತ್ತದೆ. ಬಿಸಿನೀರು ಮಾತ್ರ ಬೇಡ. ಮನೆ ಮುಟ್ಟಿದ ಕೂಡಲೇ ಅಕ್ಕಿ ತೊಳೆದು ನೆನೆಯಿಡಿ, ಸಿಗಡಿ ಒರೆಸಿ ಉಪ್ಪು ಸೋಡಾ ಹಚ್ಚಿ. ಕುಕ್ಕರು ಒಲೆಗೇರಿದ ಮೇಲೆ ಮಕ್ಕಳ ಕೈಗೆ ಸವತಿಕಾಯಿ ಕೊಡಿ, ಹೆಚ್ಚಲಿ. ಕುಕ್ಕರಿನ ಉಗಿ ಇಳಿಯುವ ಹೊತ್ತಿಗೆ ಹಂಚು ಕಾಯಿಸಲು ಶುರುಮಾಡಿ. ಎಲ್ಲರೂ ತಾಟಿನ ಮುಂದೆ ಕೂತ ಮೇಲೆಯೇ ಸಿಗಡಿ ಹಂಚಿಗೆ ಬೀಳಬೇಕು.

ಪ್ರಶ್ನೆ: ಪಾಕೀಟಿನ ಸಿಗಡಿ ತಂದ್ರ ಬರ್ಫ ಕರಗಿದ ಮ್ಯಾಲೆ ತೂಕ ಭಾಳ ಕಡಿಮಿ ಆಗ್ತದ. ಇದು ಮೋಸ ಅಲ್ಲೇನ್ರೀ? ಮತ್ತ ಸಿಪ್ಪಿ ಮ್ಯಾಲೆ ಕರೀ ಚುಕ್ಕಿ ಇದ್ರ ಕೆಟ್ಟಾವಂತ ತಿಳೀಬೇಕೇನು?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಸಿಗಡಿ ಗಾಳಿಗೆ ಒಣಗದಿರಲಿ ಎಂದು ಹೆಪ್ಪುಗಟ್ಟಿಸುವಾಗ ಮೇಲೆ ತೆಳುವಾದ ಬರ್ಫದ ಪದರ ಹಾಕುತ್ತಾರೆ. ಪದರ ಇರುವುದು ತಪ್ಪಲ್ಲ, ಅದರ ತೂಕಕ್ಕೂ ದುಡ್ಡು ಪಡೆಯುವುದು ತಪ್ಪು. ಪಾಕೀಟಿನ ಮೇಲೆ ನಿವ್ವಳ ತೂಕ ಎಷ್ಟೆಂದು ಓದಿ, ಕರಗಿಸಿ ಬಸಿದು ತೂಗಿ ನೋಡಿ. ಅಷ್ಟಿಲ್ಲದಿದ್ದರೆ ಅಂಗಡಿಗೆ ಮರಳಿಸಿ ಕೇಳುವ ಹಕ್ಕು ನಿಮ್ಮದು. ಪದಾರ್ಥಗಳ ಪಟ್ಟಿಯಲ್ಲಿ ಫಾಸ್ಫೇಟ್ ಎಂದಿದ್ದರೆ ಅಂಥ ಸಿಗಡಿ ನೀರು ಹೀರಿಕೊಂಡಿರುತ್ತದೆ, ಹಂಚಿನ ಮೇಲೆ ಅದನ್ನೆಲ್ಲ ಬಿಡುತ್ತದೆ. ಸಿಗಡಿ ಮತ್ತು ಉಪ್ಪು ಇಷ್ಟೇ ಬರೆದಿರುವುದು ಸಿಕ್ಕರೆ ಅದನ್ನೇ ಆರಿಸಿ. 31/40 ಎಂಬಂಥ ಅಂಕಿ ಕಂಡರೆ, ಒಂದು ಪೌಂಡಿಗೆ ಅಂದರೆ ಸುಮಾರು 454 ಗ್ರಾಮಿಗೆ 31 ರಿಂದ 40 ಸಿಗಡಿ ಎಂದರ್ಥ. ಅಂಕಿ ಸಣ್ಣದಾದಷ್ಟೂ ಸಿಗಡಿ ದೊಡ್ಡದು. ಬಟ್ಟಲ ಊಟಕ್ಕೆ ಈ ಗಾತ್ರ ಸರಿಯಾಗುತ್ತದೆ.

ಕರಿ ಚುಕ್ಕಿ ಸಿಗಡಿಯ ಮೈಯಲ್ಲಿರುವ ಕಿಣ್ವ ಗಾಳಿಗೆ ಒಡ್ಡಿಕೊಂಡಾಗ ಆಗುವಂಥದ್ದು, ಹೆಚ್ಚಿದ ಬದನೆಕಾಯಿ ಕಪ್ಪಾಗುವ ಹಾಗೆ. ಚುಕ್ಕಿ ಇದ್ದ ಮಾತ್ರಕ್ಕೆ ಕೆಟ್ಟಿಲ್ಲ, ಆದರೆ ಹಿಡಿದು ಹೊತ್ತಾಗಿದೆ ಎಂಬ ಸೂಚನೆ. ನಿರ್ಣಯ ಮೂಗಿನದು: ಸಮುದ್ರದ ಉಪ್ಪು ವಾಸನೆ ಇರಲಿ, ಅಮೋನಿಯದ ಘಾಟು ಬಂದರೆ ಅಥವಾ ಮೈ ಲೋಳೆಯಾಗಿದ್ದರೆ ಬಿಸಾಡಿ. ಗೋವಾ, ಕಾರವಾರ ಕಡೆಯಿಂದ ಘಟ್ಟ ಹತ್ತಿ ಬರುವ ಮೀನು ಬೆಳಗಾವಿಯವರಿಗೆ ಬೇಗ ಸಿಗುತ್ತದೆ. ಬಾಗಲಕೋಟೆ, ವಿಜಯಪುರಕ್ಕೆ ಅದು ಇನ್ನೂ ದೂರದ ದಾರಿ. ಬರ್ಫ ಕರಗಿ ನೀರಲ್ಲಿ ತೇಲುತ್ತಿರುವ 'ತಾಜಾ' ಸಿಗಡಿಗಿಂತ ಗಟ್ಟಿಯಾಗಿ ಹೆಪ್ಪುಗಟ್ಟಿದ ಪಾಕೀಟೇ ಒಳನಾಡಿನವರಿಗೆ ವಿಶ್ವಾಸದ್ದು.

ಪ್ರಶ್ನೆ: ನನ್ನ ಆರು ವರ್ಷದ ಮಗ ಇದುವರೆಗೂ ಸಿಗಡಿ ತಿಂದಿಲ್ಲ. ಅವನಿಗೆ ಅಸ್ತಮಾ ಇದೆ. ಕೊಡಬಹುದೆ? ಚೆನ್ನಾಗಿ ಬೇಯಿಸಿದರೆ ಅಲರ್ಜಿ ಆಗುವುದಿಲ್ಲವೆ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಯಿಸುವುದರಿಂದ ಅಲರ್ಜಿ ತಪ್ಪುವುದಿಲ್ಲ. ಸಿಗಡಿ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಬಿಸಿಗೆ ಜಗ್ಗುವುದಿಲ್ಲ. ಅದನ್ನು ಹೋಲುವ ಪ್ರೋಟೀನು ಏಡಿಯಲ್ಲೂ ಮನೆಯ ಧೂಳಿನ ನುಸಿಯಲ್ಲೂ ಇದೆ, ಹಾಗಾಗಿ ಧೂಳಿಗೆ ಅಲರ್ಜಿ ಇರುವ ಕೆಲವರಿಗೆ ಸಿಗಡಿಯೂ ಆಗಿಬರುವುದಿಲ್ಲ. ನಿಮ್ಮ ಮಗನಿಗೆ ಅಸ್ತಮಾ ಇರುವುದರಿಂದ ಮೊದಲು ಅವನನ್ನು ನೋಡುವ ವೈದ್ಯರನ್ನು ಕೇಳಿ. ಅವರು ಒಪ್ಪಿದ ಮೇಲೂ ಮೊದಲ ಸಲ ಹಗಲು ಹೊತ್ತಿನಲ್ಲಿ ಒಂದು ಸಣ್ಣ ಚೂರು ಮಾತ್ರ ಕೊಟ್ಟು, ಎರಡು ತಾಸು ಕಣ್ಣಿಡಿ. ತುಟಿ ತುರಿಕೆ, ಮೈಮೇಲೆ ದದ್ದು, ಮುಖ ಊದುವುದು, ವಾಂತಿ, ಇವು ಲಕ್ಷಣಗಳು. ಉಸಿರಾಟಕ್ಕೆ ತೊಂದರೆ ಕಂಡರೆ ಮನೆಮದ್ದಿಗೆ ಒಂದು ಕ್ಷಣವೂ ಕಳೆಯದೆ ಆಸ್ಪತ್ರೆಗೆ ಹೋಗಿ. ಮೀನು ತಿಂದು ಏನೂ ಆಗಿಲ್ಲ ಎನ್ನುವುದು ಇಲ್ಲಿ ಭರವಸೆಯಲ್ಲ, ಮೀನಿನ ಅಲರ್ಜಿಯ ಪ್ರೋಟೀನೇ ಬೇರೆ.

ಪ್ರಶ್ನೆ: ರಾತ್ರಿ ಉಳಿದದ್ದನ್ನ ಮರುದಿನ ಡಬ್ಬಿಗೆ ಕಟ್ಟಬಹುದೇನ್ರೀ?
— ಓದುಗರು, ಜಮಖಂಡಿ

ಉತ್ತರ: ಊಟವಾದ ಒಂದು ತಾಸಿನೊಳಗೆ ಅನ್ನ, ಸಿಗಡಿ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಹೋಗಿದ್ದರೆ ಬೆಳಿಗ್ಗೆ ಮನೆಯಲ್ಲೇ ತಿನ್ನಬಹುದು. ರಾತ್ರಿಯಿಡೀ ಹೊರಗಿಟ್ಟ ಅನ್ನ ಬೇಡ. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಚೆನ್ನಾಗಿ ಕಾಯಿಸಿ ಒಗ್ಗರಣೆ ಹಾಕಿ, ಕೊನೆಯ ಅರ್ಧ ನಿಮಿಷಕ್ಕೆ ಸಿಗಡಿ ಸೇರಿಸಿ. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ಮಧ್ಯಾಹ್ನದ ತನಕ ಚೀಲದಲ್ಲಿಟ್ಟು ತಿನ್ನುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಮಳಿಗಾಲದಾಗ ನಮ್ಮ ಕಡೆ ಹಸಿ ಸಿಗಡಿ ಸಿಗೂದೇ ಕಷ್ಟ. ಸಂತ್ಯಾಗ ಒಣ ಸಿಗಡಿ ಸಿಗ್ತಾವು. ಅವನ್ನ ಹಾಕಿ ಈ ಬೌಲ್ ಮಾಡಲಿಕ್ಕೆ ಬರ್ತದೇನು?
— ಓದುಗರು, ಗೋಕಾಕ

ಉತ್ತರ: ಕರ್ನಾಟಕದ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಮೀನುಗಳು ಮರಿ ಮಾಡುವ ಕಾಲ ಅದು. ಆಗ ಕೆರೆಗಳಲ್ಲಿ ಸಾಕಿದ ಸಿಗಡಿಯ ಪಾಕೀಟು ಒಂದು ದಾರಿ. ಒಣ ಸಿಗಡಿ ಇನ್ನೊಂದು, ಆದರೆ ಅದನ್ನು ಸುಟ್ಟ ಸಿಗಡಿಯ ಜಾಗಕ್ಕೆ ಕೂಡಿಸಬೇಡಿ, ನೆನೆಸಿದರೂ ಆ ಮೆದು ಬರುವುದಿಲ್ಲ. ಚಟ್ನಿ ಮಾಡಿ. ಒಂದು ಬಟ್ಟಲು ಒಣ ಸಿಗಡಿಯ ತಲೆ, ಕಾಲು ತೆಗೆದು ಜರಡಿ ಹಿಡಿಯಿರಿ, ಮರಳು ಬಹಳ ಇರುತ್ತದೆ. ಬೇಗನೆ ಒಮ್ಮೆ ತೊಳೆದು, ಹಿಂಡಿ, ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿಯಿರಿ. ಹುರಿದ ಒಣಕೊಬ್ಬರಿ, ಬಳ್ಳೊಳ್ಳಿ, ಕೆಂಪು ಖಾರ, ಚೂರು ಹುಣಸೆಹಣ್ಣು ಹಾಕಿ ಕುಟ್ಟಿ. ಕಿಟಕಿ ತೆರೆದಿರಲಿ, ವಾಸನೆ ಓಣಿಯ ತನಕ ಹೋಗುತ್ತದೆ. ಬಿಸಿ ಇಂದ್ರಾಯಣಿ ಅನ್ನ, ಒಂದು ಚಮಚ ಹಸಿ ಶೇಂಗಾ ಎಣ್ಣೆ, ಮೇಲೆ ಈ ಚಟ್ನಿ, ಬದಿಗೆ ಹಂಚಿನ ಮೇಲೆ ಅರೆಬರೆ ಸುಟ್ಟ ಉಳ್ಳಾಗಡ್ಡಿ, ಬೇಯಿಸಿದ ಒಂದು ಮೊಟ್ಟೆ. ಒಣ ಸಿಗಡಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಕುಟ್ಟಿದ ಮೇಲೆ ರುಚಿ ನೋಡಿಯೇ ಉಪ್ಪು ಹಾಕಿ. ರಕ್ತದೊತ್ತಡ ಇರುವವರು ಈ ಚಟ್ನಿಯನ್ನು ಅರ್ಧ ಚಮಚಕ್ಕಿಂತ ಹೆಚ್ಚು ಹಾಕಿಕೊಳ್ಳುವುದು ಬೇಡ.