ಆನ್‌ಲೈನ್‌ನಲ್ಲಿ 1750, ಬೋರ್ಡ್ ಮೇಲೆ ಎರಡೇ ಪಾಯಿಂಟ್: ಮೊಬೈಲ್ ಕಿತ್ತುಕೊಳ್ಳುವ ಮೊದಲು ಇದನ್ನು ಓದಿ

ಸರ್, ನಮ್ಮ ಚೆಸ್ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಹನ್ನೊಂದು ವರ್ಷ. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಬ್ಲಿಟ್ಜ್ (ಕೆಲವೇ ನಿಮಿಷದ ವೇಗದ ಆಟ) ರೇಟಿಂಗ್ 1750. ಮೊದಲ ರೇಟೆಡ್ ಟೂರ್ನಮೆಂಟ್‌ನಲ್ಲಿ ಒಂಬತ್ತು ಸುತ್ತಿಗೆ ಎರಡೇ ಪಾಯಿಂಟ್. ಒಂದು ಆಟವಂತೂ ಆನೆ ಮುಟ್ಟಿದ್ದಕ್ಕೇ ಹೋಯಿತು. ಈಗ ಮನೆಯಲ್ಲಿ ಎಲ್ಲರೂ "ಮೊಬೈಲ್ ಚೆಸ್ಸೇ ಅವಳನ್ನು ಹಾಳು ಮಾಡಿದ್ದು, ಬಿಡಿಸಿಬಿಡಿ" ಅಂತಿದ್ದಾರೆ. ಬಿಡಿಸಲೇ ಅಂತ ನೀವು ಕೇಳಿದ್ದೀರಿ.

ಬಿಡಿಸಬೇಡಿ. ಆದರೆ ಈಗ ಆಡುತ್ತಿರುವ ಹಾಗೆಯೇ ಆಡಲು ಬಿಡಲೂಬೇಡಿ. ಶನಿವಾರ ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುವವನಾಗಿ, ಆಗಾಗ ಜಿಲ್ಲಾ ಟೂರ್ನಮೆಂಟ್‌ಗಳಲ್ಲಿ ಆರ್ಬಿಟರ್‌ಗೆ (ಪಂದ್ಯದ ತೀರ್ಪುಗಾರರಿಗೆ) ಕೈಜೋಡಿಸುವವನಾಗಿ ನಾನು ಕಂಡಿದ್ದನ್ನು ಬರೆಯುತ್ತೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಆ 1750ರ ವಿಷಯ. ಲಿಚೆಸ್‌ನಲ್ಲಿ ಹೊಸಬರೆಲ್ಲ ಶುರುವಾಗುವುದೇ 1500ರಿಂದ. ಅಲ್ಲಿನ ಲೆಕ್ಕದ ವಿಧಾನ ಬೇರೆ, ಆಡುವ ಜನವೂ ಬೇರೆ. ಅದು ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ ಅಲ್ಲ. ಫಿಡೆಯಲ್ಲಿ 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗೇ 1400. ಹಾಗಾಗಿ ಅವಳ ಎದುರು ಕೂತ 1450ರ ಹುಡುಗ ನೀವು ಅಂದುಕೊಂಡಷ್ಟು ಸುಲಭದವನಲ್ಲ. ಒಂಬತ್ತರಲ್ಲಿ ಎರಡು ಪಾಯಿಂಟ್ ಮೊದಲ ಸಲಕ್ಕೆ ನಾಚಿಕೆಪಡುವಂಥದ್ದೇನೂ ಅಲ್ಲ.

ಇನ್ನು ಆನೆ ಮುಟ್ಟಿದ ಕಥೆ. ಫೋನಿನಲ್ಲಿ ಕಾಯಿ ಎತ್ತಿ, ಬೇಡ ಅನಿಸಿದರೆ ವಾಪಸ್ ಇಡಬಹುದು. ಬೋರ್ಡ್ ಮೇಲೆ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಇದು ಮಕ್ಕಳಿಗೆಲ್ಲ ಬಾಯಿಪಾಠ, ಆದರೆ ಬೆರಳಿಗೆ ಗೊತ್ತಿರುವುದಿಲ್ಲ. ಕ್ಯಾಸ್ಲಿಂಗ್‌ನಲ್ಲಿ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಜಾಸ್ತಿ ಸಿಕ್ಕಿಬೀಳುತ್ತಾರೆ. ಮೊದಲು ರಾಜನನ್ನು ಎರಡು ಮನೆ ಸರಿಸಬೇಕು, ಆಮೇಲೆ ಆನೆ, ಎರಡನ್ನೂ ಒಂದೇ ಕೈಯಲ್ಲಿ. ಆನೆಯನ್ನೇ ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ. ನಿಮ್ಮ ಮಗಳಿಗೆ ಆಗಿದ್ದು ಇದೇ ಇರಬೇಕು, ಅಲ್ವಾ?

ಇಂಥವು ಇನ್ನೂ ಇವೆ. ಚೆಕ್ ಬಿದ್ದಾಗ ಬೇರೆ ಕಾಯಿ ನಡೆಸಲು ಹೋದರೆ ಫೋನ್ ಬಿಡುವುದೇ ಇಲ್ಲ. ಬೋರ್ಡ್ ಬಿಡುತ್ತೆ! ಕ್ಲಾಕ್ ಒತ್ತಿದ ಮೇಲೆ ಎದುರಾಳಿ ಕೈ ಎತ್ತಿ ಆರ್ಬಿಟರ್‌ನ ಕರೆಯುತ್ತಾನೆ. ಕ್ಲಾಸಿಕಲ್ ಆಟದಲ್ಲಿ ಅವನಿಗೆ ಎರಡು ನಿಮಿಷ ಹೆಚ್ಚಿಗೆ ಸಿಗುತ್ತೆ, ಎರಡನೇ ಸಲ ಅದೇ ಆದರೆ ಆಟವೇ ಹೋಯಿತು. ಪಾನ್ (ಕಾಲಾಳು) ಎಂಟನೇ ಮನೆ ತಲುಪಿದಾಗ ಫೋನ್ ತಾನೇ ರಾಣಿ ಕೊಡುತ್ತೆ. ಇಲ್ಲಿ ಪಕ್ಕದಲ್ಲಿ ಎರಡನೇ ರಾಣಿ ಇರುವುದಿಲ್ಲ. ಮಕ್ಕಳು ಆನೆಯನ್ನು ತಲೆಕೆಳಗಾಗಿ ಇಟ್ಟು "ಇದೇ ರಾಣಿ" ಅಂತಾರೆ. ನಿಯಮದ ಪ್ರಕಾರ ಅದು ಆನೆಯೇ. ಆಗ ಮಾಡಬೇಕಾದ್ದು ಇಷ್ಟು: ಕ್ಲಾಕ್ ನಿಲ್ಲಿಸಿ ಆರ್ಬಿಟರ್ ಹತ್ತಿರ ರಾಣಿ ಕೇಳಬೇಕು. ಕೇಳುವ ಹಕ್ಕು ಇದೆ. ನಮ್ಮ ಮಕ್ಕಳಿಗೆ ದೊಡ್ಡವರನ್ನು ಕರೆಯಲು ಸಂಕೋಚ, ಅದೇ ತೊಂದರೆ. ಮನೆಯಲ್ಲಿ ನೀವೇ ಆರ್ಬಿಟರ್ ಆಗಿ ಕೈ ಎತ್ತಿಸಿ ಅಭ್ಯಾಸ ಮಾಡಿಸಿ.

ಇವೆಲ್ಲ ಒಂದೆರಡು ವಾರದಲ್ಲಿ ಸರಿಹೋಗುವ ವಿಷಯ. ನನಗೆ ಚಿಂತೆ ಇರುವುದು ಬೇರೆ ಕಡೆ.

ಅವಳು ಆಡುವುದು ಮೂರು ನಿಮಿಷದ ಆಟ ಅಂದಿರಿ. ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಜೊತೆಗೆ. ಗಲ್ಲಿ ಕ್ರಿಕೆಟ್ ಆಡಿಕೊಂಡಿದ್ದವರನ್ನು ರಣಜಿ ಪಂದ್ಯದ ನಾಲ್ಕನೇ ದಿನ ಬ್ಯಾಟಿಂಗ್‌ಗೆ ಇಳಿಸಿದ ಹಾಗೆ. ಸೋತ ಆಟಗಳಲ್ಲಿ ಅವಳ ಕ್ಲಾಕ್‌ನಲ್ಲಿ ಎಷ್ಟು ಸಮಯ ಉಳಿದಿತ್ತು ಕೇಳಿ ನೋಡಿ. ಒಂದು ಗಂಟೆಗಿಂತ ಜಾಸ್ತಿ ಉಳಿದಿತ್ತು ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ. ನಡೆ ಕಂಡ ಕೂಡಲೇ ಕೈ ಹೋಗುತ್ತೆ. ಬ್ಲಿಟ್ಜ್‌ನಲ್ಲಿ ಅದು ಗುಣ, ಎದುರಾಳಿಯೂ ಅಷ್ಟೇ ಅವಸರದಲ್ಲಿರುತ್ತಾನೆ. ಇಲ್ಲಿ ಎದುರು ಕೂತವನು ಹದಿನೈದು ನಿಮಿಷ ಯೋಚಿಸಿ ಒಂದು ನಡೆ ಆಡುತ್ತಾನೆ. ಇವಳು ಅಷ್ಟು ಹೊತ್ತು ಫ್ಯಾನ್ ನೋಡಿಕೊಂಡು ಕೂತಿರುತ್ತಾಳೆ.

ಇದಕ್ಕೊಂದು ಸುಲಭದ ಉಪಾಯ ಇದೆ. ಸ್ಕೋರ್‌ಶೀಟ್‌ನಲ್ಲಿ ನಡೆಗಳ ಜೊತೆ ಕ್ಲಾಕ್‌ನ ಸಮಯ ಬರೆಯಲು ನಿಯಮದಲ್ಲೇ ಅವಕಾಶ ಇದೆ. ಪ್ರತಿ ಐದು ನಡೆಗೊಮ್ಮೆ ಬರೆಯಲಿ. ಮನೆಗೆ ಬಂದ ಮೇಲೆ ಎಲ್ಲಿ ಓಡಿದಳು, ಎಲ್ಲಿ ನಿಂತಳು ಅಂತ ಕಾಗದವೇ ತೋರಿಸುತ್ತೆ. ಆನ್‌ಲೈನ್ ಆಟವನ್ನು ಹದಿನೈದು ನಿಮಿಷಕ್ಕೆ, ಪ್ರತಿ ನಡೆಗೆ ಹತ್ತು ಸೆಕೆಂಡ್ ಇನ್‌ಕ್ರಿಮೆಂಟ್‌ಗೆ ಬದಲಿಸಿ. ದಿನಕ್ಕೆ ಇಂಥ ಎರಡು ಆಟ ಸಾಕು. ಬ್ಲಿಟ್ಜ್ ಪೂರ್ತಿ ನಿಲ್ಲಿಸಿದರೆ ಮಕ್ಕಳಿಗೆ ಚೆಸ್ಸೇ ಬೇಸರ ಬರುತ್ತೆ, ವಾರಕ್ಕೊಮ್ಮೆ ಇರಲಿ. ಬುಲೆಟ್ (ಒಂದೆರಡು ನಿಮಿಷದ ಆಟ) ಮಾತ್ರ ಬೇಡವೇ ಬೇಡ. ಅದರಲ್ಲಿ ಗೆಲ್ಲುವುದು ಬೆರಳು.

ಈಗ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳು. ನೀವು ಹಾಕಿದ ಆಟದಲ್ಲಿ ಅವಳು ಕಪ್ಪಿನಲ್ಲಿ ಸ್ಟಾಫರ್ಡ್ ಗ್ಯಾಂಬಿಟ್ (ಒಂದು ಪಾನ್ ಬಿಟ್ಟುಕೊಟ್ಟು ಬಲೆ ಬೀಸುವ ಓಪನಿಂಗ್) ಆಡಿದ್ದಾಳೆ. ಯೂಟ್ಯೂಬ್ ನೋಡಿ ಕಲಿತದ್ದು ಅಂತ ಯಾರು ಬೇಕಾದರೂ ಹೇಳಬಹುದು. ಗೊತ್ತಿಲ್ಲದವರಿಗಾಗಿ (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆಯ ಹೆಸರು): ಬಿಳಿ ಪಾನ್ ಇ4, ಕಪ್ಪು ಪಾನ್ ಇ5. ಎರಡೂ ಕಡೆಯ ರಾಜನ ಪಕ್ಕದ ಕುದುರೆಗಳು ಎಫ್3, ಎಫ್6ಕ್ಕೆ. ಬಿಳಿ ಕುದುರೆ ಇ5ರ ಪಾನ್ ತಿನ್ನುತ್ತೆ. ಕಪ್ಪು ಇನ್ನೊಂದು ಕುದುರೆಯನ್ನು ಸಿ6ರಲ್ಲಿ ಇಡುತ್ತೆ. ಬಿಳಿ ಅದನ್ನು ಹೊಡೆದಾಗ ಕಪ್ಪು ಡಿ ಪಾನಿನಿಂದ ವಾಪಸ್ ಹೊಡೆಯುತ್ತೆ. ಬಿಳಿ ಡಿ3, ಕಪ್ಪು ಒಂಟೆ ಸಿ5. ಈಗ ಬಿಳಿ ಒಂಟೆ ಜಿ5ಕ್ಕೆ ಬಂದು ಕುದುರೆಯನ್ನು ಕಟ್ಟಿಹಾಕಿದೆ ಅಂದುಕೊಂಡರೆ ಮುಗಿಯಿತು. ಕಪ್ಪು ಕುದುರೆ ರಾಣಿಯನ್ನು ಬಿಟ್ಟು ಇ4ರ ಪಾನ್ ತಿನ್ನುತ್ತೆ. ಬಿಳಿ ರಾಣಿಯನ್ನು ಹೊಡೆದರೆ, ಒಂಟೆ ಎಫ್2ರಲ್ಲಿ ಚೆಕ್, ರಾಜ ಇ2ಕ್ಕೆ ಹೋಗಲೇಬೇಕು, ಇನ್ನೊಂದು ಒಂಟೆ ಜಿ4ರಲ್ಲಿ ಮೇಟ್. ಚೆಂದ ಇದೆ, ಸುಳ್ಳು ಹೇಳಲ್ಲ. ಮೂರು ನಿಮಿಷದ ಆಟದಲ್ಲಿ ಹತ್ತು ಜನರಲ್ಲಿ ಕೆಲವರಾದರೂ ಬೀಳುತ್ತಾರೆ.

ಆದರೆ ನಿಮ್ಮ ಮಗಳ ಎದುರಾಳಿ ಏನು ಮಾಡಿದ? ಒಂಟೆಯನ್ನು ಜಿ5ಕ್ಕೆ ಕಳಿಸಲಿಲ್ಲ. ಸುಮ್ನೆ ಇ2ರಲ್ಲಿ ಇಟ್ಟ. ಅಷ್ಟೇ. ಇವಳ ಕೈಯಲ್ಲಿ ಒಂದು ಪಾನ್ ಕಡಿಮೆ, ಬಲೆ ಖಾಲಿ, ಮುಂದೆ ಎರಡು ಗಂಟೆ ಆಟ. ಆನ್‌ಲೈನ್ ಆಟವು ಓಪನಿಂಗ್‌ಗೆ ತಂದ ದೊಡ್ಡ ಬದಲಾವಣೆ ನನ್ನ ಕಣ್ಣಿಗೆ ಇದೇ. ಒಂದು ಬಲೆ ದಿನಕ್ಕೆ ಎಷ್ಟು ಸಲ ಹಿಡಿಯುತ್ತೆ ಅನ್ನುವುದೇ ಅದರ ಬೆಲೆ ಆಗಿಬಿಟ್ಟಿದೆ. ಟೂರ್ನಮೆಂಟ್‌ಗೆ ಇ4ಕ್ಕೆ ಒಂದು ಉತ್ತರ, ಡಿ4ಕ್ಕೆ ಒಂದು ಉತ್ತರ, ಬಿಳಿಯಲ್ಲಿ ಒಂದು ಓಪನಿಂಗ್, ಇಷ್ಟಿಟ್ಟುಕೊಳ್ಳಿ. ನಡೆ ಯಾಕೆ ಅಂತ ಅವಳ ಬಾಯಲ್ಲೇ ಹೇಳಿಸಿ.

"ಯಾಕೆ" ಅಂದೆನಲ್ಲ, ಎಂಜಿನ್ (ನಡೆಗಳನ್ನು ಅಳೆದು ಹೇಳುವ ಚೆಸ್ ಕಂಪ್ಯೂಟರ್ ಪ್ರೋಗ್ರಾಂ) ಮಾತಿಗೆ ಬರುತ್ತೇನೆ. ಮೊದಲೆಲ್ಲ ಆಟ ಮುಗಿದ ಮೇಲೆ ಗೆದ್ದವರು, ಸೋತವರು ಇಬ್ಬರೂ ಹೊರಗೆ ಕೂತು ಅದೇ ಆಟವನ್ನು ಮತ್ತೆ ಇಟ್ಟು ಜಗಳ ಆಡುತ್ತಿದ್ದರು. "ಇಲ್ಲಿ ಕುದುರೆ ಬಂದಿದ್ದರೆ ನೀನು ಏನು ಮಾಡುತ್ತಿದ್ದೆ?" ಅರ್ಧ ಕಲಿಕೆ ಅಲ್ಲೇ ಆಗುತ್ತಿತ್ತು. ಆನ್‌ಲೈನ್‌ನಲ್ಲಿ ಎದುರಾಳಿ ಮಾಯ. ಒಂದು ಬಟನ್ ಒತ್ತಿದರೆ ಯಾವ ನಡೆ ತಪ್ಪು ಅಂತ ಕೆಂಪು ಗುರುತು ಬರುತ್ತೆ. ಮಗು "ಓ" ಅನ್ನುತ್ತೆ, ಮುಂದಿನ ಆಟ ಶುರು ಮಾಡುತ್ತೆ. ಉತ್ತರ ಸಿಕ್ಕಿತು, ಪ್ರಶ್ನೆ ಹುಟ್ಟಲೇ ಇಲ್ಲ. ಬ್ಲಿಟ್ಜ್‌ಗಿಂತ ಇದೇ ಹೆಚ್ಚು ಹಾನಿ ಅಂತ ನನ್ನ ಅಭಿಪ್ರಾಯ. ಗುಂಪಿನಲ್ಲಿ ಕೆಲವರು ಒಪ್ಪಲ್ಲ ಅಂತ ಗೊತ್ತು.

2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರನ್ನೇ ನೋಡಿ. ಕೋಚ್ ವಿಷ್ಣು ಪ್ರಸನ್ನ ಅವರು ಬೆಳೆಯುವ ವಯಸ್ಸಿನಲ್ಲಿ ಅವರನ್ನು ಎಂಜಿನ್‌ನಿಂದ ದೂರವೇ ಇಟ್ಟಿದ್ದರು. ಹಾಗಂತ ಅದೊಂದೇ ದಾರಿ ಅಲ್ಲ. ತ್ರಿಶ್ಶೂರಿನ ನಿಹಾಲ್ ಸರಿನ್ ಆನ್‌ಲೈನ್ ಬ್ಲಿಟ್ಜ್‌ನಲ್ಲೇ ಹೆಸರು ಮಾಡಿದವರು, ಹದಿನಾಲ್ಕಕ್ಕೇ ಗ್ರ್ಯಾಂಡ್‌ಮಾಸ್ಟರ್. 2022ರ ಫೆಬ್ರವರಿಯಲ್ಲಿ ಹದಿನಾರರ ಪ್ರಗ್ನಾನಂದ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಅವರನ್ನು ಸೋಲಿಸಿದ್ದೂ ಆನ್‌ಲೈನ್ ಟೂರ್ನಮೆಂಟ್‌ನಲ್ಲೇ. ಅದಕ್ಕೇ "ಬಿಡಿಸಿ" ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ನಿಮ್ಮ ಊರಿನಲ್ಲಿ ಅವಳ ಮಟ್ಟದವರು ಎಷ್ಟು ಜನ ಇದ್ದಾರೆ ಹೇಳಿ? ಚೆನ್ನೈನ ವಿಶ್ವನಾಥನ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು 2017 ಬರಬೇಕಾಯಿತು, ಮೈಸೂರಿನ ತೇಜ್‌ಕುಮಾರ್. ಚೆನ್ನೈನಲ್ಲಿ ಬೀದಿಗೊಂದು ಎದುರಾಳಿ ಸಿಗುತ್ತಿದ್ದ ಕಾಲದಲ್ಲಿ ನಮ್ಮ ಮಲೆನಾಡಿನ ಮಗು ಅಪ್ಪನ ಜೊತೆ, ಇಲ್ಲಾಂದ್ರೆ ಗೋಡೆ ಜೊತೆ ಆಡಬೇಕಿತ್ತು. ಈಗ ರಾತ್ರಿ ಎಂಟಕ್ಕೆ ಫೋನ್ ತೆಗೆದರೆ ಬ್ರೆಜಿಲ್‌ನವರು ಕಾಯುತ್ತಿರುತ್ತಾರೆ, ಅದೂ ಪುಕ್ಕಟೆ. ಇದನ್ನು ಬಿಟ್ಟುಕೊಡಬಾರದು. (ನೆಟ್‌ವರ್ಕ್ ಕೈಕೊಟ್ಟು ಸೋತಳು ಅಂತ ಬೇಜಾರು ಬೇಡ. 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ನಿಹಾಲ್, ದಿವ್ಯಾ ದೇಶ್‌ಮುಖ್ ಇಬ್ಬರ ಸಂಪರ್ಕವೂ ಕಡಿದು, ಕೊನೆಗೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಕೊಟ್ಟರು.)

ಮೋಸದ ಬಗ್ಗೆಯೂ ಕೇಳಿದ್ದೀರಿ. ಇದೆ, ಇಲ್ಲ ಅನ್ನಲ್ಲ. 2021ರಲ್ಲಿ ಕೋವಿಡ್ ಪರಿಹಾರಕ್ಕಾಗಿ ಆನಂದ್ ಆಡಿದ ಆನ್‌ಲೈನ್ ಪ್ರದರ್ಶನ ಪಂದ್ಯದಲ್ಲೇ ಎದುರಾಳಿಯೊಬ್ಬರು ಕಂಪ್ಯೂಟರ್ ಸಹಾಯ ಪಡೆದು, ಆಮೇಲೆ ಒಪ್ಪಿಕೊಂಡರು. ಆದರೆ ಸೋತಾಗೆಲ್ಲ "ಅವನು ಎಂಜಿನ್ ಹಾಕಿದ್ದ" ಅನ್ನುವುದನ್ನು ಮಗುವಿಗೆ ಕಲಿಸಬೇಡಿ. ಅನುಮಾನ ಬಂದರೆ ರಿಪೋರ್ಟ್ ಬಟನ್ ಒತ್ತಿ ಮರೆತುಬಿಡಿ. ಆ ಮಾತು ಒಮ್ಮೆ ಬಾಯಿಗೆ ಬಂದರೆ ತನ್ನ ತಪ್ಪು ಹುಡುಕುವ ಕೆಲಸ ಅಲ್ಲಿಗೆ ನಿಂತಿತು.

ಹಾಗಾದರೆ ಈಗ ಏನು ಮಾಡುವುದು? ಆನ್‌ಲೈನ್‌ನಲ್ಲಿ ಆಡಿದ ಪ್ರತಿ ಉದ್ದದ ಆಟವನ್ನೂ ಆಮೇಲೆ ನಿಜವಾದ ಬೋರ್ಡ್ ಮೇಲೆ ಇಡಲಿ. ಮೇಲಿನಿಂದ ನೋಡಿದ ಚಪ್ಪಟೆ ಚಿತ್ರಕ್ಕೂ ಎದುರು ಕೂತು ನೋಡುವುದಕ್ಕೂ ವ್ಯತ್ಯಾಸ ಇದೆ, ದೂರದ ಮೂಲೆಯ ಒಂಟೆ ಕಣ್ಣಿಗೆ ಬೀಳುವುದಿಲ್ಲ. ಎಲ್ಲಿ ಆಟ ತಿರುಗಿತು ಅಂತ ಅವಳೇ ಒಂದು ನಡೆ ಗುರುತಿಸಿ ಪುಸ್ತಕದಲ್ಲಿ ಬರೆಯಲಿ. ಎಂಜಿನ್ ಮಾರನೇ ದಿನ. ಹೀಗೆ ಒಂದು ರಾತ್ರಿ ಅಂತರ ಇಟ್ಟರೆ ಅವಳ ಊಹೆಗೂ ಎಂಜಿನ್ ಉತ್ತರಕ್ಕೂ ಹೋಲಿಸಲು ಏನಾದರೂ ಇರುತ್ತೆ. ಒಂದು ಡಿಜಿಟಲ್ ಚೆಸ್ ಕ್ಲಾಕ್ ಕೊಳ್ಳಿ, ಭಾನುವಾರ ಒಂದು ಪೂರ್ತಿ ಆಟ ನಿಮ್ಮ ಜೊತೆ, ನೊಟೇಶನ್ (ನಡೆಗಳನ್ನು) ಬರೆದುಕೊಂಡು. ನೀವು ಸೋಲುತ್ತೀರಿ, ಪರವಾಗಿಲ್ಲ.

ಟೂರ್ನಮೆಂಟ್ ದಿನ ಅವಳ ಹತ್ತಿರ ಎರಡು ಪೆನ್ನು, ನೀರಿನ ಬಾಟಲಿ ಇರಲಿ. ಫೋನ್ ನಿಮ್ಮ ಹತ್ತಿರ, ಹಾಲ್‌ನ ಹೊರಗೆ. 2003ರಲ್ಲಿ ಪ್ಲೊವ್ಡಿವ್‌ನಲ್ಲಿ ಆಗಿನ ಫಿಡೆ ಚಾಂಪಿಯನ್ ಪೊನೊಮರಿಯೊವ್ ಅವರೇ ಫೋನ್ ರಿಂಗ್ ಆಗಿ ಆಟ ಕಳೆದುಕೊಂಡಿದ್ದಾರೆ. ಸುತ್ತು ಮುಗಿದ ಮೇಲೆ "ಗೆದ್ಯಾ?" ಅಂತ ಕೇಳುವ ಬದಲು ತಿಂಡಿ ಕೊಡಿಸಿ. ಎದುರಾಳಿ ಮಗು ಅಲ್ಲೇ ಇದ್ದರೆ ಇಬ್ಬರನ್ನೂ ಕೂರಿಸಿ ಆಟ ಮತ್ತೆ ಇಡಲು ಹೇಳಿ.

ಆ ಆನೆ ಮುಟ್ಟಿದ ಆಟದ ಸ್ಕೋರ್‌ಶೀಟ್ ಇದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ, ಮಗಳ ಹೆಸರು ಮುಚ್ಚಿ. ಅವಳು ಎಲ್ಲಿ ತಪ್ಪಿದೆ ಅಂದುಕೊಂಡಿದ್ದಾಳೋ ಅದನ್ನೂ ಬರೆಸಿ. ಯಾರೂ ಎಂಜಿನ್ ಹಾಕಬೇಡಿ, ಭಾನುವಾರದವರೆಗೆ ನಾವೇ ತಲೆ ಕೆಡಿಸಿಕೊಳ್ಳೋಣ.