ಕೇಳಿ, ಹೇಳುತ್ತೇವೆ: ಕರಾವಳಿಗೆ ಯಾವ ಬಾಹ್ಯಾಕಾಶ ಹವಾಮಾನ ಮುನ್ಸೂಚನೆ ಬೇಕು?

ಈ ಸಲದ ಪತ್ರಗಳಲ್ಲಿ ಸೂರ್ಯ, ಜಿಪಿಎಸ್, ಕಾಂತಬಿರುಗಾಳಿ (ಸೂರ್ಯನ ಉಗುಳಿನಿಂದ ಭೂಮಿಯ ಕಾಂತಕ್ಷೇತ್ರ ಕದಡುವುದು) ಕುರಿತವೇ ಹೆಚ್ಚು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಆಳಸಮುದ್ರದ ಬೋಟ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ ಎಂಟರ ಹೊತ್ತಿಗೆ ಜಿಪಿಎಸ್‌ನಲ್ಲಿ ಬೋಟ್ ಆಚೀಚೆ ಹಾರುತ್ತದೆ, ಕೆಲವೊಮ್ಮೆ ಸಿಗ್ನಲ್ಲೇ ಇಲ್ಲ. ಹನ್ನೊಂದು ಕಳೆದರೆ ತಾನಾಗಿ ಸರಿಯಾಗುತ್ತದೆ. ಆಂಟೆನಾ ಬದಲಿಸಿದರೂ ಪ್ರಯೋಜನವಾಗಲಿಲ್ಲ.
– ಬೋಟ್ ಮಾಲೀಕರು, ಮಲ್ಪೆ

ಆಂಟೆನಾ ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಡುತ್ತಿತ್ತು. ನೀವು ಬರೆದ ತಿಂಗಳು, ಗಂಟೆ ಎರಡೂ ವಾತಾವರಣದ ಮೇಲ್ಭಾಗದ, ಅಯಾನು–ಎಲೆಕ್ಟ್ರಾನುಗಳ ಪದರವಾದ ಅಯಾನುಗೋಳದ ಕಡೆಗೇ ಬೊಟ್ಟು ಮಾಡುತ್ತವೆ.

ಭೂಮಿಯ ಕಾಂತ ಸಮಭಾಜಕ (ಕಾಂತರೇಖೆಗಳು ನೆಲಕ್ಕೆ ಸಮಾಂತರವಾಗಿರುವ ಗೆರೆ) ಭಾರತದ ದಕ್ಷಿಣ ತುದಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ತಳಭಾಗದ ಎಲೆಕ್ಟ್ರಾನುಗಳು ಬೇಗ ಅಯಾನುಗಳ ಜೊತೆ ಸೇರಿ ಕಡಿಮೆಯಾಗುತ್ತವೆ, ಮೇಲ್ಭಾಗದವು ಹಾಗೇ ಉಳಿಯುತ್ತವೆ. ಮೇಲೆ ದಟ್ಟ, ಕೆಳಗೆ ತೆಳು. ಎಣ್ಣೆಯ ಮೇಲೆ ನೀರು ಹೊಯ್ದರೆ ಎಣ್ಣೆ ಕೆಳಗೇ ನಿಲ್ಲುತ್ತದೆಯೇ? ಹಾಗೆಯೇ ಈ ಗೆರೆಯ ಆಸುಪಾಸಿನಲ್ಲಿ ತೆಳು ಭಾಗ ಗುಳ್ಳೆಯಾಗಿ ಮೇಲೇಳುತ್ತದೆ, ಕಾಂತರೇಖೆ ಹಿಡಿದು ಉತ್ತರ–ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಚಾಚಿಕೊಳ್ಳುತ್ತದೆ. ಉಪಗ್ರಹದ ಸಂಕೇತ ಅದರ ಮೂಲಕ ಬಂದಾಗ ನಕ್ಷತ್ರದಂತೆ ಮಿನುಗುತ್ತದೆ, ರಿಸೀವರ್‌ಗೆ ಹಿಡಿತ ತಪ್ಪುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಇದರ ಕಾಟ ಜಾಸ್ತಿ.

ಜಿಪಿಎಸ್‌ನ ಸ್ಯಾಟಲೈಟ್ ಪುಟ ತೆರೆದು ನೋಡಿ. ಸಿಗ್ನಲ್ ಬಲ ತೋರಿಸುವ ಎಲ್ಲ ಕಂಬಗಳೂ ಸದಾ ಗಿಡ್ಡವಾಗಿದ್ದರೆ ಕೇಬಲ್ ಅಥವಾ ಕನೆಕ್ಟರಿಗೆ ಉಪ್ಪು ಹಿಡಿದಿದೆ ಎಂದರ್ಥ. ಒಂದೆರಡು ದಿಕ್ಕಿನ ಕಂಬಗಳು ಮಾತ್ರ ಏರಿಳಿಯುತ್ತ ಕುಣಿದರೆ ಅದು ಗುಳ್ಳೆಯ ಕೆಲಸ. ಆಗ ಸೆಟ್ಟನ್ನು ಆಫ್ ಮಾಡಿ ಆನ್ ಮಾಡಬೇಡಿ. ಹೊಸದಾಗಿ ಉಪಗ್ರಹ ಹುಡುಕುವಾಗ ಇನ್ನೂ ಒದ್ದಾಡುತ್ತದೆ. ಕತ್ತಲಾಗುವ ಮೊದಲೇ ಸ್ಥಾನ, ದಿಕ್ಕು, ವೇಗ ಬರೆದಿಡಿ. ಆಮೇಲೆ ತಾಂಡೇಲರು ದಿಕ್ಸೂಚಿ ಮತ್ತು ಆಳ ತೋರಿಸುವ ಸೌಂಡರ್ ನಂಬಿ ನಡೆಸಲಿ. ಬಂದರಿನ ಬಾಯಿ, ಬಂಡೆ ಇರುವ ಜಾಗಗಳನ್ನು ಆ ಹೊತ್ತಿನಲ್ಲಿ ಜಿಪಿಎಸ್ ಒಂದನ್ನೇ ನಂಬಿ ದಾಟಬಾರದು.

ಹೊಸ ಸೆಟ್ ಕೊಳ್ಳುವುದಾದರೆ ಜಿಪಿಎಸ್ ಜೊತೆ ಇತರ ಉಪಗ್ರಹ ವ್ಯವಸ್ಥೆಗಳಾದ ಗ್ಲೋನಾಸ್, ಗೆಲಿಲಿಯೋ, ನಾವಿಕ್ ಕೂಡ ಹಿಡಿಯುವುದನ್ನು ನೋಡಿ. ಗುಳ್ಳೆ ಇಡೀ ಆಕಾಶವನ್ನು ಮುಚ್ಚುವುದು ಅಪರೂಪ, ಉಪಗ್ರಹ ಹೆಚ್ಚು ಕಂಡಷ್ಟೂ ಕೆಲವಾದರೂ ಚೊಕ್ಕವಾಗಿ ಸಿಗುತ್ತವೆ. ‘ಎರಡು ತರಂಗಾಂತರ ಇದ್ದರೆ ಈ ತೊಂದರೆಯೇ ಇಲ್ಲ’ ಎಂದು ಅಂಗಡಿಯವರು ಹೇಳಿದರೆ ಅದು ಅರ್ಧ ಸತ್ಯ. ಎರಡು ತರಂಗಾಂತರದಿಂದ ಸಂಕೇತದ ವಿಳಂಬವನ್ನು ಲೆಕ್ಕ ಹಾಕಿ ತೆಗೆಯಬಹುದು, ಮಿನುಗನ್ನಲ್ಲ. 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತ 1575.42ರ ಎಲ್1ಗಿಂತ ಹೆಚ್ಚೇ ಮಿನುಗುತ್ತದೆ.

ಪ್ರಶ್ನೆ: ವಾಹನ ಕಡಿಮೆ ಎಂದು ಹೆದ್ದಾರಿ ಸರ್ವೆಯನ್ನು ರಾತ್ರಿ ಮಾಡುತ್ತೇವೆ. ಫೋನಿನ ಆ್ಯಪ್ ‘ಕೆಪಿ 7’ ಎಂದ ದಿನ ಆರ್‌ಟಿಕೆ (ಸೆಂಟಿಮೀಟರ್ ಮಟ್ಟದ ಜಿಪಿಎಸ್ ಅಳತೆ) ಸರಿಯಾಗಿಯೇ ಇತ್ತು. ಕೆಪಿ 2 ಇದ್ದ ದಿನ ಫಿಕ್ಸ್ (ಖಚಿತ ಸ್ಥಾನ) ಸಿಗಲೇ ಇಲ್ಲ. ಆ್ಯಪ್ ಸುಳ್ಳೇ?
– ಸರ್ವೆಯರ್, ಬಂಟ್ವಾಳ

ಆ್ಯಪ್ ಸುಳ್ಳಲ್ಲ, ನಮ್ಮ ಊರಿನದಲ್ಲ ಅಷ್ಟೆ. ಕೆಪಿ ಎಂಬುದು 0ರಿಂದ 9ರವರೆಗೆ, ಇಡೀ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಕದಡಿತು ಎನ್ನುವ ಅಳತೆ. ಅದಕ್ಕೆ ಬಳಸುವ ಕೇಂದ್ರಗಳು ಸಮಭಾಜಕದಿಂದ ದೂರದ ಅಕ್ಷಾಂಶಗಳವು. ನಮ್ಮ ಗುಳ್ಳೆಗಳಾದರೋ ಕಾಂತಕ್ಷೇತ್ರ ತಣ್ಣಗಿರುವ ಸಂಜೆಯೂ ಏಳುತ್ತವೆ. ಕಾಂತಬಿರುಗಾಳಿ ಕೆಲವೊಮ್ಮೆ ಅವನ್ನು ಎಬ್ಬಿಸುತ್ತದೆ, ಕೆಲವೊಮ್ಮೆ ಅದುಮಿಬಿಡುತ್ತದೆ. ಅದು ಯಾವ ಗಂಟೆಗೆ ಬಂದಪ್ಪಳಿಸಿತು ಎಂಬುದರ ಮೇಲೆ ಎಲ್ಲ ನಿಂತಿದೆ.

ಮುನ್ಸೂಚನೆ ಸುಧಾರಿಸಬೇಕು ಎನ್ನುವವರು ಕರಾವಳಿಯ ಮಟ್ಟಿಗೆ ಕೇಳಬೇಕಾದದ್ದು ಇದನ್ನೇ: ಇಂದು ಮುಸ್ಸಂಜೆ ನಮ್ಮ ತಲೆಯ ಮೇಲೆ ಗುಳ್ಳೆ ಏಳುತ್ತದೆಯೇ? ಎದ್ದ ಗುಳ್ಳೆ ಸೆಕೆಂಡಿಗೆ ಸುಮಾರು 100 ಮೀಟರ್, ಅಂದರೆ ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸರಿಯುತ್ತದೆ. ಲಕ್ಷದ್ವೀಪದ ಕವರತ್ತಿ ಮಂಗಳೂರಿನ ನೈಋತ್ಯಕ್ಕಿದೆ, ಪೂರ್ವ–ಪಶ್ಚಿಮದ ಅಂತರವಷ್ಟನ್ನೇ ಹಿಡಿದರೆ ಸುಮಾರು 240 ಕಿಲೋಮೀಟರ್. ಅಲ್ಲಿನ ರಿಸೀವರಿನ ಮಾಹಿತಿ ಆಗಿಂದಾಗ್ಗೆ ಇಲ್ಲಿಗೆ ತಲುಪಿದರೆ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಮುನ್ನೆಚ್ಚರಿಕೆ ಸಿಗುತ್ತದೆ. ಇದಕ್ಕೆ ಹೊಸ ಉಪಗ್ರಹವೇನೂ ಬೇಡ.

ಅಲ್ಲಿಯವರೆಗೆ: ಮೇಲೆ ಹೇಳಿದ ನಾಲ್ಕು ತಿಂಗಳಲ್ಲಿ ಸಂಜೆ ಏಳೂವರೆಯಿಂದ ನಡುರಾತ್ರಿವರೆಗೆ ಕಂಟ್ರೋಲ್ ಪಾಯಿಂಟ್ (ಅಳತೆಯ ಆಧಾರಬಿಂದು) ಇಡಬೇಡಿ, ಮುಂಜಾನೆಗೆ ಬಿಡಿ. ಬೇಸ್ (ಒಂದೆಡೆ ನಿಂತ ರಿಸೀವರ್) ಮತ್ತು ರೋವರ್ (ಒಯ್ದು ಅಳೆಯುವ ರಿಸೀವರ್) ನಡುವಿನ ಅಂತರ 5 ಕಿಲೋಮೀಟರ್ ಒಳಗಿರಲಿ. ಎರಡೂ ರಿಸೀವರುಗಳ ತಲೆಯ ಮೇಲೂ ಒಂದೇ ಅಯಾನುಗೋಳ ಇದೆ ಎಂಬ ನಂಬಿಕೆಯ ಮೇಲೆಯೇ ಆರ್‌ಟಿಕೆ ನಿಂತಿರುವುದು, ನಡುವೆ ಗುಳ್ಳೆಯ ಗೋಡೆ ಬಂದರೆ ಆ ನಂಬಿಕೆ ಮುರಿಯುತ್ತದೆ. ದಿಗಂತಕ್ಕೆ ಹತ್ತಿರದ ಉಪಗ್ರಹಗಳನ್ನು ಕೈಬಿಡುವ ಎಲಿವೇಷನ್ ಮಾಸ್ಕ್ 15 ಡಿಗ್ರಿ ಇಡಿ. ಫಿಕ್ಸ್ ಸಿಕ್ಕ ಮೇಲೆ ಬಿಟ್ಟು, ಮತ್ತೆ ಹಿಡಿದು ಅಳೆಯಿರಿ. ಎರಡರ ನಡುವೆ 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಕೈಬಿಡಿ. ಫಿಕ್ಸ್ ಸಿಗದಿರುವುದಕ್ಕಿಂತ ತಪ್ಪು ಫಿಕ್ಸ್ ಸಿಗುವುದು ಅಪಾಯ, ಪರದೆಯ ಮೇಲೆ ಎಲ್ಲ ಹಸಿರಾಗಿಯೇ ಕಾಣುತ್ತದೆ.

ಪ್ರಶ್ನೆ: ಸೂರ್ಯನನ್ನು ಗಮನಿಸುವ ಇಸ್ರೋ ನೌಕೆ ಆದಿತ್ಯ–ಎಲ್1 ಇದ್ದರೂ ಕಾಂತಬಿರುಗಾಳಿ ಇಂತಿಷ್ಟು ಹೊತ್ತಿಗೆ, ಇಷ್ಟು ಜೋರು ಎಂದು ಎರಡು ದಿನ ಮೊದಲೇ ಹೇಳಲು ಏಕಾಗದು?
– ಉಪನ್ಯಾಸಕಿ, ಉಡುಪಿ

ಸೂರ್ಯನಿಂದ ಹೊರಟದ್ದು ಕಾಣುತ್ತದೆ, ಅದರ ಒಳಗಿನ ಕಾಂತಕ್ಷೇತ್ರ ಕಾಣುವುದಿಲ್ಲ. ಸೂರ್ಯ ಉಗುಳಿದ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ) ಮೋಡ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಇಲ್ಲಿಗೆ ತಲುಪುತ್ತದೆ. ಅದರ ಕಾಂತಕ್ಷೇತ್ರ ದಕ್ಷಿಣಮುಖಿಯಾಗಿದ್ದರೆ ಭೂಮಿಯ ಕ್ಷೇತ್ರದ ಜೊತೆ ಬೆಸೆದುಕೊಂಡು ಬಾಗಿಲು ತೆರೆದಂತಾಗುತ್ತದೆ, ಉತ್ತರಮುಖಿಯಾಗಿದ್ದರೆ ಬಹುಪಾಲು ಬದಿಗೆ ಸರಿದುಹೋಗುತ್ತದೆ. ಆ ಮುಖ ಯಾವ ಕಡೆಗಿದೆ ಎಂದು ಖಚಿತವಾಗುವುದು ಮೋಡವು ಸೂರ್ಯ–ಭೂಮಿಯ ನಡುವಿನ ಎಲ್1 ಬಿಂದುವಿನಲ್ಲಿರುವ (ಇದು ಜಿಪಿಎಸ್‌ನ ಎಲ್1 ಸಂಕೇತವಲ್ಲ) ನೌಕೆಗಳನ್ನು ದಾಟುವಾಗ ಮಾತ್ರ. ಅಲ್ಲಿಂದ ಭೂಮಿಗೆ 15 ಲಕ್ಷ ಕಿಲೋಮೀಟರ್. ಸೆಕೆಂಡಿಗೆ 500 ಕಿಲೋಮೀಟರ್ ವೇಗವಿದ್ದರೆ 50 ನಿಮಿಷ, 1000 ಇದ್ದರೆ 25 ನಿಮಿಷ. ಜೋರಾದದ್ದಕ್ಕೇ ಸಮಯ ಕಡಿಮೆ! ಪಕ್ಕದಿಂದ ನೋಡಿದರೆ ವೇಗದ ಅಂದಾಜು ಸುಧಾರಿಸುತ್ತದೆ. ಅದಕ್ಕಾಗಿಯೇ ಯುರೋಪಿನವರು ‘ವಿಜಿಲ್’ ನೌಕೆಯನ್ನು ಪಕ್ಕದಿಂದ ನೋಡಲು ಸಿಗುವ ಎಲ್5 ಬಿಂದುವಿಗೆ ಕಳಿಸಲು ಸಿದ್ಧತೆ ನಡೆಸಿದ್ದಾರೆ.

ಹೀಗೆ ಬೇರೆ ಬೇರೆ ಕಡೆಯಿಂದ ಸೌರಮಾರುತ (ಸೂರ್ಯನಿಂದ ಹರಿದುಬರುವ ಕಣಗಳ ಗಾಳಿ) ಅಳೆಯುವ ಕೆಲಸದಲ್ಲಿ ನಿಮ್ಮ ಜಿಲ್ಲೆಯವರ ಪಾಲೂ ಇದೆ. ಅದಮಾರಿನಲ್ಲಿ ಹುಟ್ಟಿ ಇಸ್ರೋ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ಅವರು ನಾಸಾದ ಮ್ಯಾರಿನರ್–2 ನೌಕೆಯ ಅಳತೆಗಳಿಂದ ಸೌರಮಾರುತ ಎಡೆಬಿಡದೆ ಬೀಸುತ್ತದೆ ಎಂಬುದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು. ಪಯೋನಿಯರ್ ನೌಕೆಗಳ ಪ್ರಯೋಗಗಳಲ್ಲೂ ಇದ್ದರು.

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಕಾಲೇಜಿನಲ್ಲೇ ಸೌರಜ್ವಾಲೆ ಪತ್ತೆ ಮಾಡಬಹುದೇ?
– ಬಿಎಸ್ಸಿ ವಿದ್ಯಾರ್ಥಿಗಳು, ಮಂಗಳೂರು

ಖಂಡಿತ. ಸೂರ್ಯನ ಮೇಲಿನ ದಿಢೀರ್ ಸ್ಫೋಟವಾದ ಜ್ವಾಲೆಯ ಎಕ್ಸ್‌ಕಿರಣ ಎಂಟು ನಿಮಿಷದಲ್ಲಿ ಬಂದು ಹಗಲಿನ ಅಯಾನುಗೋಳದ ತಳವನ್ನು ದಪ್ಪಗೊಳಿಸುತ್ತದೆ. ನೌಕಾಪಡೆಗಳ ಅತಿ ಕಡಿಮೆ ಆವರ್ತನದ ರೇಡಿಯೋ ಸಂಕೇತದ ಬಲ ಆಗ ದಿಢೀರ್ ಬದಲಾಗುತ್ತದೆ. ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂನ ಕೇಂದ್ರ (18.2 ಕಿಲೋಹರ್ಟ್ಸ್) ಮತ್ತು ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್ (19.8) ಎರಡೂ ಮಂಗಳೂರಿನಿಂದ ಆಗ್ನೇಯಕ್ಕಿವೆ, ಒಂದೇ ಆಂಟೆನಾ ಸಾಕು.

1 ಮೀಟರ್ ಚೌಕದ ಮರದ ಚೌಕಟ್ಟಿಗೆ 25 ಗೇಜಿನ ಎನಾಮಲ್ ತಂತಿ 50 ಸುತ್ತು, ಒಟ್ಟು 200 ಮೀಟರ್. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ, 400 ಗ್ರಾಂ ಕೇಳಿ. ಮಲ್ಟಿಮೀಟರ್ ಹಚ್ಚಿದರೆ 17–18 ಓಮ್ ತೋರಿಸಬೇಕು. ತೀರಾ ಕಡಿಮೆ ಬಂದರೆ ಎನಾಮಲ್ ಕೆರೆದು ಸುತ್ತುಗಳು ತಾಗಿವೆ, ಏನೂ ಬರದಿದ್ದರೆ ತುದಿಯ ಎನಾಮಲ್ ಕೆರೆಯದೆ ಬೆಸುಗೆ ಹಾಕಿದ್ದೀರಿ. ಚೌಕಟ್ಟಿನ ಅಂಚು ಆಗ್ನೇಯಕ್ಕೆ ಮುಖ ಮಾಡಿರಲಿ, ಅಗಲದ ಬದಿಯಲ್ಲ. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು. ಅಲ್ಲಿಂದ ಶೀಲ್ಡ್ ಕೇಬಲಿನಲ್ಲಿ ಲೈನ್–ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೆ ತನ್ನಿ. ಸ್ಯಾಂಪಲಿಂಗ್ 48,000ಕ್ಕೆ ಇಟ್ಟರೆ 24 ಕಿಲೋಹರ್ಟ್ಸ್‌ವರೆಗೆ ಸಿಗುತ್ತದೆ. ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿನಲ್ಲಿ ನಾಯ್ಸ್ ಸಪ್ರೆಶನ್, ಆಟೋ ಗೇನ್ ಎರಡನ್ನೂ ಆಫ್ ಮಾಡಿ, ಇಲ್ಲವಾದರೆ ನಿಮಗೆ ಬೇಕಾದ ಏರಿಳಿತವನ್ನೇ ಅದು ಅಳಿಸಿಹಾಕುತ್ತದೆ. ಸ್ಟ್ಯಾನ್‌ಫರ್ಡ್‌ನ ಸೂಪರ್‌ಸಿಡ್ ತಂತ್ರಾಂಶ ಐದು ಸೆಕೆಂಡಿಗೊಮ್ಮೆ ಅಳತೆ ಬರೆದಿಡುತ್ತದೆ.

ಎಲ್ಇಡಿ ಬಲ್ಬಿನ ಡ್ರೈವರ್, ಚಾರ್ಜರ್, ಇನ್ವರ್ಟರ್ ಇವು ಗದ್ದಲದ ಮೂಲ, ಆಂಟೆನಾವನ್ನು ಟೆರೇಸಿನ ಮೂಲೆಗೆ ಒಯ್ಯಿರಿ. ಕಡಲಗಾಳಿಗೆ ಬೆಸುಗೆ ಹಸಿರುಗಟ್ಟುತ್ತದೆ, ಸಿಲಿಕೋನ್ ಹಚ್ಚಿ. ಗುಡುಗು ಶುರುವಾದರೆ ಕೇಬಲ್ ಕಳಚಲೇಬೇಕು.

ಮೊದಲ ವಾರ ಜ್ವಾಲೆ ಹುಡುಕಬೇಡಿ, ಸೂರ್ಯೋದಯ–ಸೂರ್ಯಾಸ್ತದ ತಿರುವು ದಿನವೂ ಒಂದೇ ಹೊತ್ತಿಗೆ ಕಾಣುತ್ತದೆಯೇ ನೋಡಿ. ಕಂಡರೆ ಉಪಕರಣ ಸರಿಯಿದೆ. ಮಧ್ಯಮ ಬಲದ ಎಂ ದರ್ಜೆಯ ಜ್ವಾಲೆ ನೆಟ್ಟಗೆ ಏರಿ ನಿಧಾನ ಇಳಿಯುವ ಶಾರ್ಕ್ ರೆಕ್ಕೆಯಂತೆ ಕಾಣುತ್ತದೆ, ಕೆಲವೊಮ್ಮೆ ತಲೆಕೆಳಗಾಗಿ. ಅಂತರರಾಷ್ಟ್ರೀಯ ಸಮಯದಲ್ಲಿರುವ ಜ್ವಾಲೆಗಳ ಪಟ್ಟಿಯ ಜೊತೆ ಹೋಲಿಸುವಾಗ ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಲು ಮರೆಯಬೇಡಿ.

ಪ್ರಶ್ನೆ: ದೊಡ್ಡ ಬಿರುಗಾಳಿ ಬಂದರೆ ಇಲ್ಲಿ ಅರೋರಾ (ಧ್ರುವಪ್ರಭೆ) ಕಾಣುತ್ತದೆಯೇ? ಕರೆಂಟ್ ಹೋಗುತ್ತದೆಯೇ?
– ಓದುಗರು, ಕಾರ್ಕಳ

2024ರ ಮೇ 10–11ರ ಬಿರುಗಾಳಿ 2003ರ ಬಳಿಕದ ಮೊದಲ ಜಿ5, ಅಂದರೆ ಅತಿ ಜೋರಿನ ದರ್ಜೆಯದು. ಆಗಲೂ ಭಾರತದಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳಿಗೆ ದಿಗಂತದಲ್ಲಿ ಕೆಂಪು ಸಿಕ್ಕಿತು. ಕಾರ್ಕಳಕ್ಕೆ ಆ ಭಾಗ್ಯವಿಲ್ಲ. 1989ರಲ್ಲಿ ಕ್ವಿಬೆಕ್‌ನಲ್ಲಿ ಒಂಬತ್ತು ಗಂಟೆ ವಿದ್ಯುತ್ ಕಡಿದದ್ದು ನಿಜ, ಆದರೆ ಅದು ಅರೋರಾ ವಲಯಕ್ಕೆ ಹತ್ತಿರದ ನೆಲ. ಆಷಾಢದಲ್ಲಿ ನಿಮ್ಮಲ್ಲಿ ಕರೆಂಟ್ ಹೋದರೆ ಮೊದಲು ತಂತಿಯ ಮೇಲೆ ಬಿದ್ದ ಕೊಂಬೆ ಹುಡುಕಿ.